ಸೋಮವಾರದ ನಕ್ಷೆ

ನನ್ನ ಕೈಬರಹ ಚೆನ್ನಾಗಿದೆ. ಈ ಒಂದು ದೋಷದಿಂದ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಲಗ್ನಪತ್ರಿಕೆ ಬರೆಯಬೇಕೆ, ತಾಲ್ಲೂಕು ಕಚೇರಿಗೆ ಅರ್ಜಿ ಹಾಕಬೇಕೆ, ಎತ್ತಿನ ಗಾಡಿಯ ಹಿಂದೆ ಮಾಲೀಕನ ಹೆಸರು ಬರೆಸಬೇಕೆ, ಎಲ್ಲಕ್ಕೂ ಮೇಷ್ಟ್ರನ್ನು ಕರೆಯುತ್ತಿದ್ದರು. ಕರೆದು ಕರೆದು, ನಾನಿಲ್ಲದಿದ್ದರೆ ಈ ಊರು ಒಂದು ದಿನವೂ ನಡೆಯುವುದಿಲ್ಲ ಎಂಬ ನಂಬಿಕೆ ನನ್ನಲ್ಲಿ ಬೇರು ಬಿಟ್ಟಿತ್ತು.

ಊರೆಂದರೆ ಗಾವಡಗೆರೆಯಿಂದ ಮೂರು ಮೈಲಿ ಒಳಗಿನ ಹಳ್ಳಿ. ನಾನು ಅಲ್ಲಿಯ ಶಾಲೆಗೆ ಇದ್ದ ಒಬ್ಬನೇ ಮೇಷ್ಟ್ರು. ಬ್ಲಾಕು, ಯೋಜನೆ, ಗ್ರಾಮಸೇವಕ ಎಂಬ ಮಾತುಗಳು ಹಳ್ಳಿಗಳಿಗೆ ಹೊಸದಾಗಿ ಬಂದಿದ್ದ ಕಾಲ ಅದು. ಹಿಂದಿನ ಬೇಸಿಗೆಯಲ್ಲಿ ಪಕ್ಕದೂರಿನ ಒಂದು ಕೇರಿಗೆ ಬೆಂಕಿ ಬಿದ್ದಾಗ, ಏಣಿ ಯಾರ ಮನೆಯಲ್ಲಿದೆ ಎಂದು ಹುಡುಕುವಷ್ಟರಲ್ಲಿ ನಾಲ್ಕು ಮನೆ ಬೂದಿಯಾಗಿದ್ದವು. ಅದಕ್ಕಾಗಿ ಬ್ಲಾಕಿನ ಅಧಿಕಾರಿಗಳು ಜೀಪಿನಲ್ಲಿ ಬಂದು, ಪ್ರತಿ ಊರಿಗೂ ಒಂದು ನಕ್ಷೆ ಬೇಕು ಎಂದರು. ಬೆಂಕಿಯೋ ನೆರೆಯೋ ಬಂದರೆ ಕೆಲಸಕ್ಕೆ ಬರುವ ಗಾಡಿ, ಹಗ್ಗ, ಏಣಿ, ಬಾವಿ ಎಲ್ಲೆಲ್ಲಿವೆ, ಈಜು ಬಲ್ಲವರು ಯಾರು, ಎಲ್ಲವೂ ಅದರಲ್ಲಿ ಇರಬೇಕು. ಬರೆಯುವವರು ಯಾರು ಎಂದು ಕೇಳಿದಾಗ ಊರಿಗೆ ಊರೇ ನನ್ನ ಕಡೆ ನೋಡಿತು. ನಾನು ಸಂಕೋಚದಿಂದ ತಲೆ ತಗ್ಗಿಸಿದೆ. ಒಳಗೆ ಹಿಗ್ಗು!

ಮಾಹಿತಿ ಸಂಗ್ರಹಕ್ಕೆ ನಾನು ಸೋಮವಾರವನ್ನೇ ಆರಿಸಿಕೊಂಡೆ. ನಮ್ಮ ಸೀಮೆಯಲ್ಲಿ ಸೋಮವಾರ ಬಸವಣ್ಣನ ದಿನ. ಯಾರೂ ನೇಗಿಲು ಹೂಡುವುದಿಲ್ಲ, ಎತ್ತುಗಳಿಗೂ ಗಂಡಸರಿಗೂ ರಜೆ. ಬೇರೆ ದಿನ ಹೋದರೆ ಯಾರೂ ಸಿಗುವುದಿಲ್ಲ. ಸೋಮವಾರವಾದರೆ ಗಾಡಿ ಅಂಗಳದಲ್ಲಿ, ಎತ್ತು ಕೊಟ್ಟಿಗೆಯಲ್ಲಿ, ಯಜಮಾನ ಜಗಲಿಯ ಮೇಲೆ. ಈ ಉಪಾಯ ಹೊಳೆದಾಗ ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ. ಶಾಲೆ ಬಿಟ್ಟ ಮೇಲೆ ಮೂರು ಸೋಮವಾರ ಕೇರಿ ಕೇರಿ ತಿರುಗಿ, ಜಗಲಿಯ ಮೇಲಿದ್ದ ಪ್ರತಿಯೊಬ್ಬ ಗಂಡಸಿನ ಹೆಸರನ್ನೂ ಸಾಮಾನನ್ನೂ ಬರೆದುಕೊಂಡೆ.

ನಕ್ಷೆ ಅದ್ಭುತವಾಗಿ ಬಂತು. ಬಾವಿಗಳಿಗೆ ನೀಲಿ ಮಸಿ, ಗಾಡಿಗಳಿಗೆ ಕಪ್ಪು. ಬೆಂಕಿ ಹತ್ತುವ ವಸ್ತುವೆಂದು ಹುಲ್ಲಿನ ಮೆದೆಗಳನ್ನೆಲ್ಲ ಕೆಂಪು ಮಸಿಯಲ್ಲಿ ಬರೆದು ಪಕ್ಕದಲ್ಲಿ 'ಅಪಾಯ' ಎಂದು ನಮೂದಿಸಿದೆ. ಏಣಿಗಳು ಮೂರು, ಮೂರು ಸೋಮವಾರ ಮೂರು ಮನೆಗಳಲ್ಲಿ ನಾನೇ ಕಣ್ಣಾರೆ ಕಂಡದ್ದು. ಹೆಂಗಸರನ್ನು ಎಲ್ಲಿ ಸೇರಿಸಬೇಕೆಂದು ತೋಚದೆ, ಮೂಲೆಯಲ್ಲಿ 'ಸುರಕ್ಷಿತ ಸ್ಥಳಕ್ಕೆ ಸಾಗಿಸತಕ್ಕವರು: ಹೆಂಗಸರು, ಮಕ್ಕಳು, ಕರುಗಳು' ಎಂದು ಬರೆದೆ. ನಮ್ಮ ಮನೆಯ ಚೌಕದಲ್ಲಿ ನನ್ನ ಹೆಸರು, ಅದರ ಕೆಳಗೆ 'ತುರ್ತು ಸಮಯದ ಮುಖ್ಯಸ್ಥರು'. ಇದನ್ನು ಯಾರೂ ಹೇಳಿರಲಿಲ್ಲ. ಜಾಗ ಖಾಲಿ ಇತ್ತು.

ನನ್ನ ಹೆಂಡತಿ ರಾಜಮ್ಮ ಕೋಟೆ ತಾಲ್ಲೂಕಿನ ಕಡೆಯವಳು. ಮೊರದಲ್ಲಿ ಕಾಳು ಕೇರುತ್ತ ಒಂದು ಸಲ ನಕ್ಷೆಯ ಕಡೆ ನೋಡಿದಳು.

"ಚಂದಾಗದೆ ಕಣ್ರೀ. ಯಾವತ್ತಿನ ಊರಿದು?"

"ಯಾವತ್ತಿನ ಊರು ಅಂದರೇನು? ಊರು ದಿನಕ್ಕೊಂದು ಥರ ಇರುತ್ತದೆಯೆ?" ಎಂದು ನಾನು ನಕ್ಕೆ. ಅವಳು ಮತ್ತೆ ಕಾಳು ಕೇರತೊಡಗಿದಳು. ನಾನು ಗೆದ್ದೆನೆಂದುಕೊಂಡೆ.

ಮಕ್ಕಳ ಕೈಗೆ ಸಿಕ್ಕಬಾರದೆಂದು ನಕ್ಷೆಯನ್ನು ಶಾಲೆಯ ಗೋಡೆಯ ಮೇಲೆ, ತೊಲೆಯ ಪಕ್ಕಕ್ಕೆ ಎತ್ತರದಲ್ಲಿ ಮೊಳೆ ಹೊಡೆದು ತೂಗುಹಾಕಿದೆ. ಕೆಳಗೆ ದಪ್ಪಕ್ಷರದಲ್ಲಿ 'ಆಪತ್ತಿನಲ್ಲಿ ನಕ್ಷೆ ನೋಡದೆ ಹೆಜ್ಜೆ ಇಡಬಾರದು' ಎಂಬ ಸೂಚನೆಯೂ ಇತ್ತು.

ಆಪತ್ತು ಗುರುವಾರ ಬಂತು. ಗುರುವಾರ ಸಂತೆ. ಅಂದು ಶಾಲೆ ಅರ್ಧ ದಿನ ಮಾತ್ರ. ಮನೆಗೆ ಬಂದು ಊಟಕ್ಕೆ ಕೂತು ಮುದ್ದೆ ಮುರಿದಿದ್ದೆ, ಅಷ್ಟರಲ್ಲಿ ಪಟೇಲರ ಹೆಂಡತಿ ಸಣ್ಣಮ್ಮ ಏದುಸಿರು ಬಿಡುತ್ತ ಬಾಗಿಲಿಗೆ ಬಂದರು. ನಮ್ಮ ಪಕ್ಕದ ಮನೆಯ ಕೆಂಪಮ್ಮನ ಹಸು ಗಂಗೆ ಹಾಳುಬಾವಿಗೆ ಬಿದ್ದಿದೆಯಂತೆ. ಅಷ್ಟೇ ಅಲ್ಲ, ಹಸುವಿನ ಹಿಂದೆ ಕೆಂಪಮ್ಮನೂ ಬಾವಿಗೆ ಇಳಿದುಬಿಟ್ಟಿದ್ದಾಳಂತೆ.

ಕೆಂಪಮ್ಮ ಅರವತ್ತು ದಾಟಿದ ವಿಧವೆ. ಹಿಂದೆ ಮುಂದೆ ಯಾರೂ ಇಲ್ಲ. ಗಂಗೆಯ ಹಾಲೇ ಅವಳ ಅನ್ನ, ಗಂಗೆಯೇ ಅವಳ ಮನೆಮಂದಿ. ನಾವು ಓಡಿಹೋಗಿ ಬಗ್ಗಿ ನೋಡಿದರೆ, ಎರಡಾಳು ಆಳದಲ್ಲಿ, ಸೊಂಟದುದ್ದ ಕೆಸರುನೀರಿನಲ್ಲಿ ಕೆಂಪಮ್ಮ ಹಸುವಿನ ಗದ್ದವನ್ನು ಹೆಗಲ ಮೇಲೆ ಹೊತ್ತು ನಿಂತಿದ್ದಾಳೆ. ಹಸುವಿನ ಕಾಲು ಹೂತಿತ್ತು, ಸುಸ್ತಾಗಿ ಕಣ್ಣು ಮುಚ್ಚುತ್ತಿತ್ತು. ಮೊದಲು ನೀನು ಹತ್ತಿ ಬಾ ಎಂದು ನಾನು ಕೂಗಿದೆ.

"ನಾ ಬುಟ್ರೆ ಇದು ತಲೆ ಇಳೇ ಬುಡ್ತದೆ ಕಣಪ್ಪ, ಮುಳುಗೋಯ್ತದೆ" ಎಂದಳು. "ಬಂದ್ರೆ ಇಬ್ರೂ ಬತ್ತೀವಿ."

ಮುಖ್ಯಸ್ಥನಾದವನು ಗಾಬರಿಯಾಗಬಾರದು. ನಕ್ಷೆ ಇದೆಯಲ್ಲ! ಎಲ್ಲರೂ ಇಲ್ಲೇ ಇರಿ, ಈಗ ಬಂದೆ ಎಂದು ಅಪ್ಪಣೆ ಕೊಟ್ಟು ಶಾಲೆಗೆ ಓಡಿದೆ. ನಕ್ಷೆ ಎತ್ತರದಲ್ಲಿತ್ತಷ್ಟೆ. ಅಲ್ಲೇ ಗೋಡೆಗೆ ಒರಗಿಸಿದ್ದ ಏಣಿ ಹತ್ತಿ ಓದಿದೆ. ಹಗ್ಗ, ಗಾಡಿ, ಇಪ್ಪತ್ತು ಮಂದಿ ಗಟ್ಟಿಗರು, ಏಣಿ ಮೂರು. ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು ಏಣಿಯಿಂದ ಇಳಿದು, ಏಣಿ ಹುಡುಕಲು ಹೊರಟೆ.

ಗಾಡಿಗಳೆಲ್ಲ ಸಂತೆಗೆ ಹೋಗಿದ್ದವು. ಹಗ್ಗಗಳು ಗಾಡಿಯ ಹೇರು ಬಿಗಿದುಕೊಂಡು ಸಂತೆಗೆ ಹೋಗಿದ್ದವು. ಗಟ್ಟಿಗರು ಗಾಡಿ ಹೊಡೆದುಕೊಂಡು ಸಂತೆಗೆ ಹೋಗಿದ್ದರು. ನನ್ನ ನಕ್ಷೆಯ ಊರಿಗೆ ಊರೇ ಎದ್ದು ಸಂತೆಗೆ ಹೋಗಿತ್ತು. ಉಳಿದದ್ದು ಏಣಿ. ಮೊದಲನೆಯ ಮನೆಯಲ್ಲಿ ಒಬ್ಬ ಮುದುಕ, ಅದು ನಮ್ಮದಲ್ಲ, ಎರವಲು ತಂದಿದ್ದೆವು, ಕೆಳಗಿನ ಕೇರಿಗೆ ಹೋಯಿತು ಎಂದ. ಕೆಳಗಿನ ಕೇರಿಯವರು ಊರಾಚೆಯ ಮನೆ ತೋರಿಸಿದರು. ಊರಾಚೆಯ ಮನೆಯ ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಊರ್ಗಿರೋದು ಒಂದೇ ಏಣಿ. ಹೋದ ವಾರ ನೀವೇ ಇಸ್ಕೊಂಡೋದ್ರಲ್ಲ ಮೇಷ್ಟ್ರೇ, ಅದೇನೋ ಪಟ ತಗಲಾಕ್ಬೇಕು ಅಂತ."

ಶಾಲೆಯಿಂದ ಆ ಏಣಿ ಹೊತ್ತುಕೊಂಡು ಬಾವಿಯ ಕಡೆ ಓಡುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ನಾಚಿಕೆಯಲ್ಲ, ಭಯ. ನಾನು ಊರು ಸುತ್ತಿದ ಹೊತ್ತಿನಲ್ಲಿ ಕೆಂಪಮ್ಮ ಕಾಲು ಸೋತು ಕುಸಿದಿದ್ದರೆ? ಆ ಓಟ ಇವತ್ತಿಗೂ ಕನಸಿನಲ್ಲಿ ಬರುತ್ತದೆ.

ಬಾವಿಯ ಬಳಿ ಯಾರೂ ನನಗಾಗಿ ಕಾದಿರಲಿಲ್ಲ. ಊರಿನ ಹೆಂಗಸರೆಲ್ಲ ಅಲ್ಲಿದ್ದರು. ಪಟೇಲರ ಮೆದೆಯಿಂದ ಬಾವಿಯವರೆಗೆ ಸಾಲಾಗಿ ನಿಂತು ಹುಲ್ಲಿನ ಕಂತೆಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ರಾಜಮ್ಮ ಬಾವಿಯ ಅಂಚಿನಲ್ಲಿ ನಿಂತು ಹಸುವಿನ ಮಗ್ಗುಲಿಗೆ ಸರಿಯಾಗಿ ಎಸೆಯುತ್ತಿದ್ದಳು. ಮೊದಲು ತೊಗರಿ ಕಡ್ಡಿಯ ಹೊರೆಗಳನ್ನು ಹಾಕಿ ತಳ ಗಟ್ಟಿ ಮಾಡಿದ್ದರು. ಕೆಂಪಮ್ಮ ಕಂತೆ ಬಿಚ್ಚಿ ಹಸುವಿನ ಕಾಲಿನಡಿಗೆ ತುಳಿಯುವಳು, ಗಂಗೆ ಕಾಲು ಕಿತ್ತು ಅದರ ಮೇಲೆ ಇಡುವುದು. ಹಾಗೇ ಗೇಣು ಗೇಣಾಗಿ ಇಬ್ಬರೂ ಮೇಲೆ ಬರುತ್ತಿದ್ದರು. ಮಧ್ಯೆ ಮಧ್ಯೆ ಗಂಗೆ ಬಾಯಿಗೆ ಸಿಕ್ಕಿದ ಹುಲ್ಲನ್ನು ಮೇಯುತ್ತಲೂ ಇತ್ತು.

"ಏಣಿ ತಂದೆ!" ಎಂದು ಕೂಗಿದೆ.

ರಾಜಮ್ಮ ತಿರುಗಿಯೂ ನೋಡಲಿಲ್ಲ. "ಅಸ ಏಣಿ ಹತ್ತುತ್ತಾ? ಅದ ಅತ್ತಗಿಟ್ಟು ಕಂತೆ ಹಿಡೀರಿ."

ಸಾಲಿನ ಕೊನೆಯಲ್ಲಿ ನಿಂತು ಹಿಡಿದೆ. ನಾನು ಕೆಂಪು ಮಸಿಯಲ್ಲಿ 'ಅಪಾಯ' ಎಂದು ಬರೆದಿದ್ದ ಮೆದೆ ಮುಕ್ಕಾಲು ಭಾಗ ಬಾವಿಗೆ ಹೋಯಿತು. ಸಾಗಿಸತಕ್ಕವರು ಸಾಗಿಸುತ್ತಿದ್ದರು. ಹೊತ್ತು ಇಳಿಯುವ ಹೊತ್ತಿಗೆ, ಸಣ್ಣಮ್ಮ ಗುದ್ದಲಿಯಿಂದ ಕಡಿದ ಅಂಚಿನ ಮೇಲೆ ಗಂಗೆ ಮುಂಗಾಲಿಟ್ಟು ದಡ ಹತ್ತಿತು. ಅದರ ಬಾಲ ಹಿಡಿದು ಕೆಂಪಮ್ಮ ಬಂದಳು. ಏಣಿಯೂ ಕೆಲಸಕ್ಕೆ ಬಂತು. ಅದರ ಮೇಲೆ ಕೂತು ಅವಳು ಸೀರೆಯ ಸೆರಗು ಹಿಂಡಿಕೊಂಡಳು. ಆಮೇಲೆ ಹಸುವಿನ ಕೊರಳಿಗೆ ಮುಖ ಒತ್ತಿ ಅಳತೊಡಗಿದಳು. ನನಗೂ ಕಣ್ಣು ಒದ್ದೆಯಾಯಿತು.

ಸಂಜೆ ಸಂತೆಯಿಂದ ಬಂದ ಪಟೇಲರು ಕಾಲು ಭಾಗ ಉಳಿದ ಮೆದೆಯನ್ನು ನೋಡಿದರು, ಹೆಂಡತಿಯ ಕೆಸರು ಕಾಲನ್ನು ನೋಡಿದರು. ಸುದ್ದಿಯೆಲ್ಲ ಕೇಳಿ, "ಹೋಗ್ಲಿ ಬುಡು, ಜೀವ ಉಳೀತಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮೇಷ್ಟ್ರೇ, ನಿಮ್ ಪಟ ನೋಡ್ಕೊಂಡು ಆ ಅಸ ಸ್ವಾಮಾರ ಬೀಳ್ಬೇಕಿತ್ತು ಕಣ್ರೀ" ಎಂದರು.

ಅಧಿಕಾರಿಗಳು ನಕ್ಷೆ ನೋಡಲು ಬಂದರು. ಅವರು ಬಂದದ್ದೂ ಸೋಮವಾರವೇ! ಗಾಡಿಗಳು ನಕ್ಷೆಯಲ್ಲಿದ್ದ ಜಾಗದಲ್ಲೇ ಇದ್ದವು, ಗಟ್ಟಿಗರು ಜಗಲಿಗಳ ಮೇಲೆ ಲೆಕ್ಕಕ್ಕೆ ಸರಿಯಾಗಿ ಕೂತಿದ್ದರು. ಅಧಿಕಾರಿಗಳಿಗೆ ಪರಮಾನಂದ. ನಕ್ಷೆಯನ್ನು ಗೋಡೆಯಿಂದ ಇಳಿಸಿಕೊಂಡು ನಮ್ಮ ಮನೆಗೆ ಬಂದು ಗಂಗೆಯ ಹಾಲಿನ ಕಾಫಿ ಕುಡಿಯುತ್ತ, ಇಂಥ ನಕ್ಷೆ ಇಡೀ ತಾಲ್ಲೂಕಿನಲ್ಲಿ ಇಲ್ಲ ಎಂದರು. ನಿಜ ಹೇಳಬೇಕೆಂದು ಬಾಯಿ ತೆರೆದೆ. ಆದರೆ ಹೊಗಳಿಕೆ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಸ್ವಲ್ಪ ತಡೆದೆ.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲ ಮರೆಯಿಂದ ದನಿ ಬಂತು. "ಸ್ವಾಮೀ, ಒಂದ್ಸಲ ಗುರುವಾರ ಬಂದು ನೋಡಿ."

ಅಧಿಕಾರಿಗಳು ಲೋಟ ಕೆಳಗಿಟ್ಟರು. ಏಕೆ ಎಂದು ಕೇಳಿದರು. ನಾನೇ ಎಲ್ಲವನ್ನೂ ಹೇಳಬೇಕಾಯಿತು, ಏಣಿ ಹತ್ತಿ ಏಣಿ ಹುಡುಕಿದ್ದನ್ನೂ ಸೇರಿಸಿ. ಅವರು ನಗಲಿಲ್ಲ. ತೊಡೆಯ ಮೇಲಿದ್ದ ನಕ್ಷೆಯನ್ನು ತುಂಬ ಹೊತ್ತು ನೋಡಿ, ಈಗ ಮಾತಾಡಿದವರು ಇದರಲ್ಲಿ ಎಲ್ಲಿದ್ದಾರೆ ಎಂದು ಕೇಳಿದರು. ನಾನು ಮೂಲೆಯಲ್ಲಿ, ಕರುಗಳ ಪಕ್ಕದಲ್ಲಿ, ಬೆರಳಿಟ್ಟು ತೋರಿಸಿದೆ.

ಅಂದೇ ಹೊಸ ಹಾಳೆ ಹಿಡಿದು ಒಲೆಯ ಮುಂದೆ ಕೂತೆ. ರಾಜಮ್ಮ ಮುದ್ದೆ ತಿರುವುತ್ತಲೇ ಹೇಳುತ್ತ ಹೋದಳು: ಯಾವ ವಾರ ಯಾರು ಊರಲ್ಲಿರುತ್ತಾರೆ, ಯಾರ ಮನೆಯ ಸೇದುಹಗ್ಗ ಗಟ್ಟಿ, ಹೊಳೆಯ ದಡದಲ್ಲಿ ಬೆಳೆದ ಸಣ್ಣಮ್ಮನಿಗೆ ಎಂಥ ಈಜು ಬರುತ್ತದೆ, ಕೇಳಿದ ಕೂಡಲೇ ಯಾರು ಬರುತ್ತಾರೆ, ಯಾರನ್ನು ಎರಡು ಸಲ ಕರೆಯಬೇಕು. ಹಾಳೆಯ ಎರಡು ಪಕ್ಕವೂ ತುಂಬಿತು. ಇಷ್ಟು ವರ್ಷ ಈ ಊರು ನಡೆದದ್ದು ಯಾರಿಂದ ಎಂದು ನನಗೆ ಅವತ್ತು ತಿಳಿಯಿತು. ಕೊನೆಗೆ ನಮ್ಮ ಮನೆಯ ಚೌಕ ಬಂತು. ಅವಳ ಹೆಸರನ್ನು ಮೊದಲು ಬರೆದು, ನನ್ನ ಹೆಸರಿನ ಮುಂದೆ ಏನೆಂದು ಹಾಕಲಿ ಎಂದು ಕೇಳಿದೆ.

ಅವಳು ಮುದ್ದೆಕೋಲು ನಿಲ್ಲಿಸಿ ನಿಜವಾಗಿಯೂ ಯೋಚಿಸಿದಳು.

"ಏಣಿ ಹೊರೋಕೆ ಬತ್ತದೆ ಅಂತ ಬರ್ಕೊಳಿ."

ಬರೆದುಕೊಂಡೆ. ಅಕ್ಷರ ಬಹಳ ಚೆನ್ನಾಗಿ ಬಂತು.