ಅಲಸಂದೆಗೆ ಕಾಯಿಲೆ ಹಚ್ಚುವ ಮಾವ

ಬೆಳೆ ಕೆಟ್ಟಿತು ಅಂದರೆ ಊರಲ್ಲಿ ಎಲ್ಲರ ಮುಖ ಬಾಡುತ್ತೆ. ನನ್ನ ಸೋದರಮಾವನ ಮುಖ ಮಾತ್ರ ಅರಳುತ್ತೆ! ಇಷ್ಟು ಹೇಳಿದ್ದಕ್ಕೇ ನೀವು ಅವನನ್ನು ಕಟುಕ ಅಂದುಕೊಳ್ಳಬೇಡಿ. ಇರುವೆ ತುಳಿದರೂ ಅರ್ಧ ಗಂಟೆ ಪೇಚಾಡುವ ಪ್ರಾಣಿ ಅವನು. ಆದರೆ ಅಲಸಂದೆ ಎಲೆಯ ಮೇಲೆ ನಾಲ್ಕು ಹಳದಿ ಮಚ್ಚೆ ಕಂಡರೆ, ಮನೆಯಲ್ಲಿ ಮಗು ಹುಟ್ಟಿದ ಹಾಗೆ ಆಡುತ್ತಿದ್ದ. ನಮ್ಮೂರು ಬಾಣಾವರದ ರೈತರಿಗೆ ಇದು ಚೆನ್ನಾಗಿ ಗೊತ್ತಾಗಿಹೋಗಿತ್ತು. ಅವನು ರೈಲಿಳಿದು ನಮ್ಮ ಮನೆ ಕಡೆ ಬರುತ್ತಿದ್ದರೆ, "ಮೇಷ್ಟ್ರೇ, ನಮ್ಮೊಲದಾಗೆ ಒಳ್ಳೇ ರೋಗ ಐತೆ, ನೋಡ್ಕಂಡು ಹೋಗಿ" ಅಂತ ಹಲಸಿನ ಹಣ್ಣಿಗೆ ಕರೆದ ಹಾಗೆ ಕರೆಯುತ್ತಿದ್ದರು.

ಮಾವ ಅರಸೀಕೆರೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಅವನ ಸಿದ್ಧಾಂತ ಇಷ್ಟೇ. ಹತ್ತಿಪ್ಪತ್ತು ಮೈಲಿಗೊಮ್ಮೆ ಮಾತು ಬದಲಾಗುವ ಹಾಗೆ ಗಿಡದ ಕಾಯಿಲೆಯೂ ಬದಲಾಗುತ್ತೆ. ಬಾಣಾವರದ ಅಲಸಂದೆಗೆ ಬರುವ ವೈರಸ್ಸೇ ಬೇರೆ, ಬೇಲೂರಿನದೇ ಬೇರೆ. ಹೊರಗಿನಿಂದ ಎರಡೂ ಹಳದಿಯೇ, ಒಳಗಿನ ವಂಶವಾಹಿಯ ಅಕ್ಷರ ಮಾತ್ರ ಬೇರೆ ಬೇರೆಯಂತೆ. ಆ ಅಕ್ಷರ ಓದುವ ಸ್ನೇಹಿತನೊಬ್ಬ ಬೆಂಗಳೂರಿನ ಲ್ಯಾಬಿನಲ್ಲಿದ್ದ. ಅವನಿಗೆ ಎಲೆ ಒದಗಿಸುವುದು ಮಾವನ ಕೆಲಸ. ಥರ್ಮಾಸ್ ಫ್ಲಾಸ್ಕಿಗೆ ಐಸು ತುಂಬಿ, ಒಳಗೆ ರೋಗದ ಎಲೆ ಇಟ್ಟು ರೈಲು ಹತ್ತುತ್ತಿದ್ದ. ಒಮ್ಮೆ ಎದುರು ಸೀಟಿನವರೊಬ್ಬರು ಫ್ಲಾಸ್ಕು ನೋಡಿ, ಒಂದು ಗುಟುಕು ಕಾಫಿ ಸಿಗುತ್ತದೆಯೇ ಎಂದು ಸಂಕೋಚದಿಂದ ಕೇಳಿದರಂತೆ. ಮಾವ ಮುಚ್ಚಳ ತೆಗೆದು, ಎಲೆ ತೋರಿಸಿ, ಕಾಯಿಲೆಯ ಪೂರ್ವಾಪರವೆಲ್ಲ ವಿವರಿಸಿದ. ಆ ಮನುಷ್ಯನ ಟಿಕೆಟ್ಟು ತುಮಕೂರಿಗಿತ್ತು, ತಿಪಟೂರಿನಲ್ಲೇ ಇಳಿದುಹೋದ!

ಮನೆಯ ತಾರಸಿಯ ಕತೆ ಇನ್ನೂ ಚೆಂದ. ಎಲ್ಲರೂ ಕುಂಡದಲ್ಲಿ ಗುಲಾಬಿ ಬೆಳೆದರೆ ಇವನು ಅಲಸಂದೆ ಸಸಿ ಬೆಳೆದು, ಅದು ನಾಲ್ಕೆಲೆ ಬಿಟ್ಟು ನಗುವಾಗ ರೋಗದ ಎಲೆ ಅರೆದು ಅದರ ರಸ ಹಚ್ಚುತ್ತಿದ್ದ. ಯಾವ ಊರಿನ ರಸಕ್ಕೆ ಎಲೆ ಹೇಗೆ ಸುಕ್ಕುಗಟ್ಟುತ್ತೆ ಅಂತ ನೋಡುವುದಕ್ಕೆ. ಕುಂಡಕ್ಕೆಲ್ಲ ಊರಿನ ಹೆಸರು. ಬೆಳಗ್ಗೆ ತಾರಸಿಯ ಮೇಲಿಂದಲೇ ಹೆಂಡತಿಗೆ ಕೂಗಿ ವರದಿ ಒಪ್ಪಿಸುವನು, ಬಾಣಾವರ ಚೆನ್ನಾಗಿ ಕಾಯಿಲೆ ಬಿದ್ದಿದೆ, ಹಳೇಬೀಡು ಇನ್ನೆರಡು ದಿನ ಅಷ್ಟೇ ಅಂತ. ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಾಕೆಯ ತವರು ಹಳೇಬೀಡಂತೆ. ಪಾಪ, ಆಕೆ ತವರಿಗೆ ಫೋನು ಮಾಡಲು ಎಸ್‌ಟಿಡಿ ಬೂತಿಗೆ ಓಡಿದ್ದರು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಗುಡಿ ತೋರಿಸುತ್ತೇನೆಂದು ಬೇಲೂರಿಗೆ ಕರೆದುಕೊಂಡು ಹೋದ. ಬಸ್ಸಿಳಿದು ನಾನು ಗೋಪುರದ ಕಡೆ ತಿರುಗಿದರೆ ಅವನು ಯಗಚಿ ಹೊಳೆ ದಂಡೆಯ ಅಲಸಂದೆ ಹೊಲದ ಕಡೆ ತಿರುಗಿದ. ಮುಖ ಊದಿಸಿಕೊಂಡು ಹಿಂದೆ ಹೋದೆ. "ಗುಡಿ ಎಂಟುನೂರು ವರ್ಷದಿಂದ ಇದೆ ಕಣೇ, ಮುಂದಿನ ವಾರವೂ ಇರುತ್ತೆ. ಈ ಎಲೆ ನಾಳೆಗೆ ಉದುರಿಹೋಗುತ್ತೆ" ಅಂದ. ವಾದ ಸರಿಯಾಗಿಯೇ ಇತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಮಧ್ಯಾಹ್ನ ಅಲ್ಲಿಗೆ ಮದುವೆಯಾಗಿ ಹೋಗಿದ್ದ ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮನ ಮನೆಯಲ್ಲಿ ಊಟ. ಕೈ ತೊಳೆಯಲು ಹಿತ್ತಿಲಿಗೆ ಹೋದವನು ಅಲ್ಲಿಂದಲೂ ಎಲೆ ಕಿತ್ತುಕೊಂಡ. ತಂದು ಪರೀಕ್ಷಿಸಿದರೆ, ದೊಡ್ಡಮ್ಮನ ಹಿತ್ತಿಲ ರೋಗ ಬೇಲೂರಿನದಲ್ಲ, ಬಾಣಾವರದ್ದು! ಅಷ್ಟು ದೂರ ಹೇಗೆ ಹಾರಿತು? ರೋಗ ಹರಡುವ ಗಿಡಹೇನು ಬಸ್ಸು ಹತ್ತುತ್ತದೆಯೇ? ಯಾವ ಊರಿಗೆ ಯಾವ ರೋಗ ಅಂತ ಅವನು ಬರೆದಿಟ್ಟಿದ್ದ ಅಂದದ ನಕ್ಷೆಯನ್ನು ದೊಡ್ಡಮ್ಮನ ಹಿತ್ತಿಲು ಕೆಡಿಸಿಬಿಟ್ಟಿತು. ವರ್ಷಗಟ್ಟಲೆ ಅದೊಂದೇ ಕೊರಗು.

ನನಗೆ ಗಂಡು ನೋಡಿದಾಗಲೂ ಅವನದು ಇದೇ ಹಾಡು. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಿಂದ ಬಂದಿದ್ದರು. ಅಪ್ಪ ಜಮೀನು ಎಷ್ಟು, ಬೋರ್‌ವೆಲ್ ಇದೆಯಾ ಅಂತೆಲ್ಲ ಕೇಳಿದರು. ಮಾವ ಕೇಳಿದ್ದು ಒಂದೇ ಪ್ರಶ್ನೆ, ನಿಮ್ಮ ಕಡೆ ಅಲಸಂದೆ ಎಲೆ ಹಳದಿಯಾಗುತ್ತೋ ಸುಕ್ಕುಗಟ್ಟುತ್ತೋ. ಹುಡುಗ ಯೋಚಿಸಿ, ಮೊದಲು ಹಳದಿ, ಆಮೇಲೆ ಸುಕ್ಕು ಅಂದ. ಮಾವ ಅಡುಗೆಮನೆಗೆ ಬಂದು, ಹುಡುಗ ಚಿನ್ನ, ಕಣ್ಣು ಮುಚ್ಚಿಕೊಂಡು ಕೊಟ್ಟುಬಿಡಿ ಎಂದು ಅಮ್ಮನಿಗೆ ಹೇಳಿದ. ಅವನ ಮಾತು ಸುಳ್ಳಾಗಲಿಲ್ಲ ಅನ್ನಿ.

ನಮ್ಮ ಮನೆಯಲ್ಲೊಂದು ಪದ್ಧತಿ. ಹೆಣ್ಣುಮಕ್ಕಳನ್ನು ಕಳಿಸುವಾಗ ಮಡಿಲಕ್ಕಿಯ ಜೊತೆ ಒಂದು ಗಂಟು ಅಲಸಂದೆ ಬೀಜವನ್ನೂ ಹಾಕುತ್ತಾರೆ. ಅಜ್ಜಿಯ ಕಾಲದಿಂದ ಬಂದ ಬೀಜ, ಕೆಂಪಗೆ ಗುಂಡಗೆ, ಬೇಯಿಸಿದರೆ ಬೆಣ್ಣೆ. ಅಮ್ಮ ಅಳುತ್ತಾ ನನ್ನ ಮಡಿಲಿಗೆ ಹಾಕಿದ ಆ ಗಂಟನ್ನು ಬಸ್ತಿಹಳ್ಳಿಗೆ ತಂದು, ಮೊದಲ ಮುಂಗಾರಿಗೆ ಅತ್ತೆಯ ಹೊಲದಲ್ಲಿ ರಾಗಿಯ ನಡುನಡುವೆ ಬಿಡುವ ಅಕ್ಕಡಿ ಸಾಲಿನಲ್ಲಿ ಹೆಮ್ಮೆಯಿಂದ ಬಿತ್ತಿದೆ. ಸಸಿ ಎದ್ದಾಗ ಮಾವ ನನ್ನನ್ನು ನೋಡಲು ಬಂದವನು ಸಾಲಿನುದ್ದಕ್ಕೂ ಎಲೆ ಸವರಿಕೊಂಡು ಓಡಾಡಿ ಹೋದ.

ಹದಿನೈದು ದಿನಕ್ಕೆ ನನ್ನ ಗಿಡ ಹಳದಿಗೆ ತಿರುಗಿತು. ಸಾಲದ್ದಕ್ಕೆ ಪಕ್ಕದಲ್ಲಿದ್ದ ಅತ್ತೆಯ ಅಲಸಂದೆಗೂ ಹತ್ತಿತು. ಒಂದು ಸೇರು ಕಾಳೂ ಕೈಗೆ ಬರಲಿಲ್ಲ. ಅತ್ತೆ ಬೈಯಲಿಲ್ಲ, ಆದರೆ ಮಾತು ಕಮ್ಮಿ ಮಾಡಿದರು. ನಲ್ಲಿಯ ಹತ್ತಿರ ಹೆಂಗಸರು ಸೊಸೆಯ ಕಾಲ್ಗುಣ ಅಂದದ್ದು ಬಿಂದಿಗೆ ಹಿಡಿದು ನಿಂತಿದ್ದ ನನ್ನ ಕಿವಿಗೇ ಬಿತ್ತು. ನನಗೆ ಆ ಹೊಲದ ಕಡೆ ಹೋಗಲೂ ಹೆದರಿಕೆಯಾಯಿತು. ಅಮ್ಮನಿಗೆ ಬರೆದ ಕಾಗದದಲ್ಲಿ ಬೀಜ ಚೆನ್ನಾಗಿ ಬಂದಿದೆ ಅಂತ ಸುಳ್ಳು ಬರೆದೆ. ಮಾವನಿಗೆ ಮಾತ್ರ ನಿಜ ತಿಳಿಸಿದೆ. ಅವನು ಮಾರನೇ ದಿನವೇ ಬಂದು ಎಲೆ ಕಿತ್ತುಕೊಂಡು, ನನ್ನ ಗಂಟಲ್ಲಿ ಉಳಿದಿದ್ದ ನಾಲ್ಕು ಬೀಜವನ್ನೂ ಎತ್ತಿಕೊಂಡು ಹೋದ.

ಎರಡು ತಿಂಗಳ ಮೇಲೆ ಬೆಂಗಳೂರಿನಿಂದ ಬಂದ ಕಾಗದ ಜೇಬಲ್ಲಿಟ್ಟುಕೊಂಡು ಜಗಲಿ ಹತ್ತಿದ. ಅವನ ಮುಖ ಅಷ್ಟು ಅರಳಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. "ಅಮ್ಮಾ, ಗೊತ್ತಾಯ್ತು! ಈ ರೋಗ ನಿಮ್ಮೂರಿನದಲ್ಲ. ಇದು ಬಂದಿದ್ದು..." ಅಂದವನು ಕಾಫಿ ಲೋಟ ಹಿಡಿದು ನಿಂತಿದ್ದ ನನ್ನನ್ನು ನೋಡಿದ. ಮುಂದಿನದು ನನ್ನ ತವರಿನ ಹೆಸರೇ ಎಂದು ನನಗೆ ಹೊಳೆಯಿತು. ಬೇಡ ಅಂತ ಕಣ್ಣಲ್ಲೇ ಬೇಡಿಕೊಂಡೆ ಅಷ್ಟೇ.

ಮಾವ ಕಾಗದವನ್ನು ಮಡಿಚಿ ಜೇಬಿಗೆ ಹಾಕಿಕೊಂಡ. "ನನ್ನ ಕೈಯಿಂದ ಬಂದಿದ್ದು. ಮನೇಲಿ ರೋಗದ ರಸ ಹಚ್ಚಿದ ಕೈಯಲ್ಲೇ ಅವತ್ತು ನಿಮ್ಮ ಗಿಡ ಮುಟ್ಟಿದೆ. ತಪ್ಪು ನಂದು, ಈ ಮಗೂದಲ್ಲ" ಅಂದ.

ಅತ್ತೆಯ ಬಾಯಿ ಆಗ ಬಿಚ್ಚಿತು ನೋಡಿ! ಓದಿದವರ ಕೈಗಿಂತ ನಮ್ಮ ಕುರಿ ಬಾಯೇ ವಾಸಿ ಅಂದರು. ಇನ್ನು ನಮ್ಮ ಹೊಲದ ಬದು ತುಳಿಯಕೂಡದು, ಮನೆಗೆ ಬಂದರೂ ಬಾಗಿಲಲ್ಲೇ ಸೋಪು ಹಾಕಿ ಕೈ ತೊಳೆದು ಒಳಗೆ ಬರಬೇಕು ಅಂತ ಆಜ್ಞೆಯಾಯಿತು. ಮಾವ ತಲೆ ತಗ್ಗಿಸಿ ಎಲ್ಲಕ್ಕೂ ಹೂಂಗುಟ್ಟಿದ. ಮಾರನೇ ದಿನದಿಂದ ನಲ್ಲಿಯ ಹತ್ತಿರ ನನ್ನ ಕಾಲ್ಗುಣದ ಮಾತು ನಿಂತು, ರೋಗ ಹಂಚುವ ಹುಚ್ಚು ಮೇಷ್ಟ್ರ ಮಾತು ಶುರುವಾಯಿತು.

ಅವತ್ತು ಹಳೇಬೀಡಿನ ಬಸ್‌ಸ್ಟ್ಯಾಂಡಿಗೆ ಬಿಡಲು ಹೋದಾಗ ಕೇಳಿದೆ, ಯಾಕೆ ಸುಳ್ಳು ಹೇಳಿದೆ ಅಂತ. ಆಗ ಕಾಗದ ತೋರಿಸಿದ. ನನ್ನ ಗಿಡದ ವೈರಸ್ಸೂ ಅಮ್ಮನ ಹಿತ್ತಿಲಿನದೂ ದೊಡ್ಡಮ್ಮನದೂ ಹೆಚ್ಚುಕಮ್ಮಿ ಅಕ್ಷರಕ್ಕಕ್ಷರ ಒಂದೇ. ಬೀಜದ ಒಳಗೇ ರೋಗ ಕೂತಿತ್ತು. ಅಜ್ಜಿಯ ಬೀಜ ಯಾವ ಯಾವ ಹೆಣ್ಣುಮಕ್ಕಳ ಮಡಿಲಲ್ಲಿ ಹೋಯಿತೋ ಅಲ್ಲಿಗೆಲ್ಲ ಅದೂ ಹೋಗಿತ್ತು. ಇಷ್ಟು ವರ್ಷ ತಲೆ ಕೆಡಿಸಿದ ಒಗಟು ಕೊನೆಗೂ ಬಿಡಿಸಿಹೋಗಿತ್ತು, ವಿಜ್ಞಾನದ ಪತ್ರಿಕೆಗೆ ಬರೆದರೆ ದೊಡ್ಡ ಹೆಸರು ಬರುತ್ತಿತ್ತು.

"ಬರೆದರೆ ನಿಮ್ಮಮ್ಮನಿಗೆ ಗೊತ್ತಾಗುತ್ತೆ. ಮಗಳ ಮಡಿಲಿಗೆ ಕಾಯಿಲೆ ಕಟ್ಟಿಕೊಟ್ಟೆ ಅಂತ ಸಾಯೋವರೆಗೂ ಕೊರಗ್ತಾಳೆ ಕಣೇ" ಅಂದ. ಬಸ್ಸು ಬಂತು, ಹತ್ತಿ ಹೋದ.

ಆಮೇಲೆ ಏನೋ ಪ್ರಯೋಗ ಅಂತ ಹೇಳಿ ಅಮ್ಮನ ಮಡಕೆಯಲ್ಲಿದ್ದ ಬೀಜವನ್ನೆಲ್ಲ ಅರಸೀಕೆರೆಗೆ ಹೊತ್ತುಕೊಂಡು ಹೋದನಂತೆ. ಪುಣ್ಯಕ್ಕೆ ಎಲ್ಲ ಬೀಜದಲ್ಲೂ ರೋಗ ಇರುವುದಿಲ್ಲ. ಒಂದೊಂದನ್ನೇ ಕುಂಡದಲ್ಲಿ ಹಾಕುವುದು, ಮಚ್ಚೆ ಕಂಡ ಸಸಿ ಕಿತ್ತು ಸುಡುವುದು, ಉಳಿದದ್ದನ್ನು ಬೆಳೆಸುವುದು. ಹೇನು ಕೂರದಿರಲಿ ಅಂತ ತಮ್ಮ ಮಂಚದ ಸೊಳ್ಳೆಪರದೆ ಬಿಚ್ಚಿ ಗಿಡಗಳಿಗೆ ಕಟ್ಟಿದ. ಗಿಡಗಳು ಹಾಯಾಗಿದ್ದವು, ಗಂಡ ಹೆಂಡತಿ ಸೊಳ್ಳೆ ಹೊಡೆದುಕೊಂಡಿದ್ದರು! ಈ ಮನುಷ್ಯ ಗಿಡ ಹುಷಾರಾಗಿರಲಿ ಅಂತ ಒದ್ದಾಡುವುದನ್ನು ಇದೇ ಮೊದಲು ನೋಡುತ್ತಿರೋದು ಅಂತ ಅವನ ಹೆಂಡತಿ ನನಗೆ ಹೇಳಿದರು. ಹೀಗೆ ಎರಡು ವರ್ಷ.

ಮೂರನೇ ಮುಂಗಾರಿಗೆ ಬಸ್ತಿಹಳ್ಳಿಗೆ ಬಂದ. ಬಾಗಿಲಲ್ಲಿ ಕೈ ತೊಳೆದ. ಚೀಲದಿಂದ ಬಟ್ಟೆಯ ಗಂಟೊಂದನ್ನು ತೆಗೆದು ನನಗೆ ಕೊಡದೆ ಅತ್ತೆಯ ಮುಂದೆ ಹಿಡಿದ.

"ನಮ್ಮಕ್ಕನ ಮನೆ ಅಲಸಂದೆ ಬೀಜ ಅಮ್ಮಾ. ಈ ಸಲ ನಾನು ಮುಟ್ಟಿಲ್ಲ."

ಅಷ್ಟೂ ಬೀಜವನ್ನು ಒಂದೊಂದಾಗಿ ತನ್ನ ಕೈಯಾರೆ ಬೆಳೆದವನು ಹೇಳಿದ ಮಾತು ಇದು. ಅತ್ತೆ ಗಂಟು ಬಿಚ್ಚಿ ಕಾಳು ನೋಡಿದರು. ಎಷ್ಟು ಸೋಪು ಹಾಕಿದರೂ ಮಣ್ಣು ಬಿಡದ ಅವನ ಉಗುರುಗಳನ್ನೂ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಅವರಿಗೆ ಎಷ್ಟು ಗೊತ್ತಾಗಿತ್ತೋ, ಇವತ್ತಿಗೂ ನಾನು ಕೇಳಿಲ್ಲ. ಗಂಟನ್ನು ತಿರುಗಿ ಮಾವನ ಕೈಗೇ ಇಟ್ಟರು.

"ಬನ್ನಿ ಮೇಷ್ಟ್ರೇ, ಹೊಲ ಹದವಾಗೈತೆ. ಮೊದಲ ಕಾಳು ನೀವೇ ಹಾಕಿ" ಅಂದರು.

ಮಾವ ಚಪ್ಪಲಿ ಬಿಟ್ಟು ಬದು ದಾಟಿದ. ಬಗ್ಗಿ ಒಂದೊಂದೇ ಕಾಳನ್ನು ಎಣಿಸಿದ ಹಾಗೆ ಹಾಕಿದ. ನಾನು ಸೆರಗಲ್ಲಿ ಕಣ್ಣೊರೆಸಿಕೊಂಡು, ಅವನ ಹಿಂದೆ ಮಣ್ಣು ಮುಚ್ಚುತ್ತಾ ಹೋದೆ.