ಧರ್ಮತಂದೆ ಕೊನೆಯ ಕುರ್ಚಿಯಲ್ಲಿ

ವಿನಯದಲ್ಲಿ ನನ್ನನ್ನು ಮೀರಿಸುವವರು ಇಡೀ ಪುತ್ತೂರು ತಾಲೂಕಿನಲ್ಲಿ ಇಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಸಿಕ್ಕಿದವರಿಗೆಲ್ಲ ಹೇಳಿಯೂ ಇದ್ದೆ. ಐವರ್ನಾಡಿನಲ್ಲಿ ಆ ಸಂಗತಿ ನಡೆದ ಮೇಲೆ ಹೇಳುವುದನ್ನು ನಿಲ್ಲಿಸಿದ್ದೇನೆ.

ನನ್ನ ಹೆಸರು ಇನಾಸ್. ಪೇಟೆಯಲ್ಲಿ ಪಂಪು ರಿಪೇರಿಯ ಅಂಗಡಿ ಉಂಟು. ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವುದು ನನ್ನ ಕಸುಬು, ಇಗರ್ಜಿಯಲ್ಲಿ ಮೊದಲ ಬೆಂಚಿನಲ್ಲಿ ಕೂರುವುದು ನನ್ನ ಅಭ್ಯಾಸ. ಅಲ್ಲಿ ಕೂತರೆ ಫಾದರ್ ಕೊಡುವ ಪ್ರಸಂಗ ಚೆನ್ನಾಗಿ ಕೇಳಿಸುತ್ತದೆ ಎನ್ನುವುದು ನನ್ನ ವಾದ.

"ಮೈಕ್ ಇರುವ ಇಗರ್ಜಿಯಲ್ಲಿ?" ಎಂದು ನನ್ನ ಹೆಂಡತಿ ಲಿಲ್ಲಿ ಕೇಳುತ್ತಾಳೆ. ಅವಳ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುವ ಕ್ರಮ ನಮ್ಮ ಮನೆಯಲ್ಲಿಲ್ಲ.

ನಮ್ಮಲ್ಲಿ ಇಪ್ಪತ್ತು ಮೂವತ್ತು ಮನೆಗಳು ಸೇರಿದರೆ ಒಂದು ವಾಳೆ. ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ವಾಳೆಯವರೆಲ್ಲ ಸೇರಿ ಪ್ರಾರ್ಥನೆ ಮಾಡುತ್ತೇವೆ, ಚಾ ಕುಡಿಯುತ್ತೇವೆ, ಬಾರದವರ ಬಗ್ಗೆ ಮಾತಾಡುತ್ತೇವೆ. ಅಂಥ ಒಂದು ಸಭೆಗೆ ಹೊಸದಾಗಿ ಬಂದ ಫಾದರ್ ಒಂದು ಬಿಸ್ಕಿಟ್ ಡಬ್ಬಿ ಹಿಡಿದುಕೊಂಡು ಬಂದರು. ಒಳಗೆ ಬಿಸ್ಕಿಟ್ ಇರಲಿಲ್ಲ, ಚೀಟಿಗಳಿದ್ದವು. ಒಂದೊಂದು ಚೀಟಿಯಲ್ಲಿ ಯೇಸುಸ್ವಾಮಿ ಹೇಳಿದ ಒಂದೊಂದು ಸಾಮತಿ, ಅಂದರೆ ನೀತಿಕಥೆ.

"ಸಾಮತಿ ಕೇಳ್ಲಿಕ್ಕೆ ಮಾತ್ರ ಇರುದಲ್ಲ," ಎಂದರು ಫಾದರ್. "ನಿಮ್ಮ ನಿಮ್ಮ ಪಾಲಿಗೆ ಬಂದ ಕಥೆಯ ಹಾಗೆ ಒಂದು ತಿಂಗಳು ಬದುಕಿ ನೋಡಿ."

ಲಿಲ್ಲಿಯ ಪಾಲಿಗೆ ಕಳೆದುಹೋದ ನಾಣ್ಯದ ಕಥೆ ಬಂತು. ದೀಪ ಹಚ್ಚಿ, ಮನೆಯಿಡೀ ಗುಡಿಸಿ ಹುಡುಕುವ ಹೆಂಗಸಿನದು. "ಇದನ್ನು ಮದುವೆ ಆದಾಗಿನಿಂದ ಮಾಡ್ತಾ ಇದ್ದೇನೆ ಫಾದರ್. ಇವರ ಕನ್ನಡಕ ಹುಡುಕುದು," ಎಂದಳು. ನಮ್ಮ ವಾಳೆಯ ಮುಖ್ಯಸ್ಥರಾದ ಗುರಿಕಾರರಿಗೆ, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿ ಉಪಚರಿಸಿದ ಒಳ್ಳೆಯ ಸಮಾರಿಯದವನು ಬಂದ. ಪಾಪ, ಅವರು ಆ ತಿಂಗಳು ದಾರಿಯಲ್ಲಿ ಬಿದ್ದಿದ್ದ ಕುಡುಕನೊಬ್ಬನನ್ನು ರಿಕ್ಷಾದಲ್ಲಿ ಹಾಕಿ ಮನೆಗೆ ಮುಟ್ಟಿಸಿದರು. ಅವನ ಹೆಂಡತಿ, "ಓ, ಕುಡಿಸುದು ನೀವಾ?" ಎಂದು ಗುಡಿಸುವ ಹಿಡಿಸೂಡಿ ಎತ್ತಿಕೊಂಡಳಂತೆ!

ನನಗೆ ಬಂದದ್ದು ಮದುವೆ ಊಟದ ಸಾಮತಿ. ಕರೆದಲ್ಲಿಗೆ ಹೋದಾಗ ಮೇಲಿನ ಜಾಗಕ್ಕೆ ನುಗ್ಗಬೇಡ, ಕೊನೆಯಲ್ಲಿ ಕೂತುಕೋ; ಕರೆದವನು ಬಂದು ಎಲ್ಲರೆದುರು ನಿನ್ನನ್ನು ಮೇಲಕ್ಕೆ ಕರೆದುಕೊಂಡು ಹೋದಾನು ಎಂದು ಅದರ ಸಾರಾಂಶ. ಓದಿ ನನಗೆ ನಗು ಬಂತು. ಎಷ್ಟು ಸುಲಭ! ಬರೀ ಕೂರುವ ಕೆಲಸ! ಅದೂ ಕೊನೆಗೆ ಮರ್ಯಾದೆ ಗ್ಯಾರಂಟಿ!

ಸಂದರ್ಭವೂ ಕೂಡಿ ಬಂತು. ಅದೇ ತಿಂಗಳು ಐವರ್ನಾಡಿನಲ್ಲಿ ನನ್ನ ತಂಗಿ ಸೆವ್ರಿನಳ ಮಗಳು ಜೋಸಿಯ ಮದುವೆ. ನಾನು ಜೋಸಿಯ ಸೋದರಮಾವ ಮಾತ್ರವಲ್ಲ, ಜ್ಞಾನಸ್ನಾನದ ದಿನ ಅವಳನ್ನು ಎತ್ತಿ ಹಿಡಿದ ಧರ್ಮತಂದೆ ಕೂಡ. ಅವಳ ಅಪ್ಪ ತೀರಿಹೋಗಿ ಮೂರು ವರ್ಷ. ನಮ್ಮಲ್ಲಿ ಮದುವೆಯ ಮುನ್ನಾದಿನ ರೋಸ್ ಎಂಬ ಶಾಸ್ತ್ರವಿದೆ. ಮದುಮಗಳನ್ನು ಮಣೆಯ ಮೇಲೆ ಕೂರಿಸಿ, ಎಣ್ಣೆಯಿಂದ ಹಣೆಗೆ ಶಿಲುಬೆಯ ಗುರುತು ಹಾಕಿ, ತೆಂಗಿನ ಹಾಲು ಹಚ್ಚಿ ಹರಸುವುದು. ಸೆವ್ರಿನ್ ಫೋನಿನಲ್ಲಿ ಹೇಳಿದ್ದಳು:

"ಅಣ್ಣ, ಅವರಿದ್ದಿದ್ರೆ ಅವರೇ ಮೊದಲು ಹಾಕ್ತಿದ್ರು. ಈಗ ಮೊದಲ ರೋಸ್ ನಿನ್ನ ಕೈಯಿಂದಲೇ ಆಗ್ಬೇಕಂತೆ. ಜೋಸಿ ಹಟ ಹಿಡಿದು ಕೂತಿದ್ದಾಳೆ."

ಇಷ್ಟು ದೊಡ್ಡ ನಂಬಿಕೆಯನ್ನು ಆ ಹುಡುಗಿ ನನ್ನ ಮೇಲೆ ಇಟ್ಟಿದ್ದಳು. ನಾನು ಮಾತ್ರ ಲೆಕ್ಕ ಹಾಕಿದ್ದೇ ಬೇರೆ. ಅಂದರೆ ನನ್ನನ್ನು ಕರೆಯಲೇಬೇಕು! ಮುನ್ನೂರು ಜನರ ಎದುರು, ಮೈಕಿನಲ್ಲಿ! ಕೊನೆಯ ಸಾಲಿನಿಂದ ನಾನು ಮೆಲ್ಲಗೆ ಎದ್ದು, ತಲೆ ತಗ್ಗಿಸಿ ನಡೆದು ಬರಬೇಕು, ಜನ "ಎಂಥ ವಿನಯ!" ಎನ್ನಬೇಕು. ಕನ್ನಡಿಯ ಮುಂದೆ ತಲೆ ತಗ್ಗಿಸುವುದನ್ನು ಎರಡು ಸಲ ಅಭ್ಯಾಸವೂ ಮಾಡಿದೆ.

ಲಿಲ್ಲಿಗೆ ಯೋಜನೆ ತಿಳಿಸಿ, ಯಾರಿಗೂ ಹೇಳಕೂಡದೆಂದು ಆಣೆ ಹಾಕಿಸಿದೆ. ಮಾಡಿದ ಪುಣ್ಯ ಗುಟ್ಟಾಗಿರಬೇಕಲ್ಲ! "ನೀವು ಪಂಪು ಮಾತ್ರ ರಿಪೇರಿ ಮಾಡಿ ಮಾರಾಯ್ರೆ, ಸಾಕು," ಎಂದಳು.

ರೋಸಿನ ದಿನ ಸಂಜೆ ನಾಲ್ಕು ಗಂಟೆಗೆ ಐವರ್ನಾಡಿನ ಮನೆ ತಲುಪಿದೆವು. ಅಂಗಳದಲ್ಲಿ ಚಪ್ಪರ, ಎದುರಿಗೆ ವೇದಿಕೆ, ಮೊದಲ ಸಾಲಿನಲ್ಲಿ ಸೋಫಾ. ನನಗೆಂದೇ ಇಟ್ಟ ಆ ಸೋಫಾವನ್ನು ನಾನು ಕಣ್ಣೆತ್ತಿಯೂ ನೋಡದೆ ಹಿಂದೆ ನಡೆದೆ. ಚಪ್ಪರದ ಕೊನೆಯಲ್ಲಿ, ಬಾಳೆಲೆಯ ಕಟ್ಟು ಮತ್ತು ಹಂದಿಮಾಂಸ ಬೇಯುತ್ತಿದ್ದ ಒಲೆಯ ನಡುವೆ, ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ಒಂದು ಕಾಲು ಸ್ವಲ್ಪ ಸೊಟ್ಟ. ಇದಕ್ಕಿಂತ ಕೆಳಗಿನ ಸ್ಥಾನ ಇಡೀ ಸುಳ್ಯ ತಾಲೂಕಿನಲ್ಲಿ ಸಿಗುತ್ತಿರಲಿಲ್ಲ. ತೃಪ್ತಿಯಿಂದ ಕೂತೆ. ಹೊಗೆ ಕಣ್ಣಿಗೆ ಬಂತು. ಬರಲಿ!

ಇಲ್ಲಿ ಓದುಗರಿಗೆ ಒಂದು ವಿಷಯ ತಿಳಿಸಬೇಕು. ನಮ್ಮ ಕಡೆ ಮದುವೆಮನೆಯಲ್ಲಿ ಹಿರಿಯ ನೆಂಟನೊಬ್ಬ ತನಗಿಟ್ಟ ಜಾಗ ಬಿಟ್ಟು ಹಿಂದೆ ಹೋಗಿ ಕೂತನೆಂದರೆ, ಅವನಿಗೆ ಯಾವುದೋ ಮರ್ಯಾದೆ ಕಡಿಮೆಯಾಗಿದೆ, ಅವನು ಮುನಿಸಿಕೊಂಡಿದ್ದಾನೆ ಎಂದೇ ಅರ್ಥ. ಮತ್ತೆ ಅವನನ್ನು ಸಮಾಧಾನ ಮಾಡುವ ಕ್ರಮ ಶುರುವಾಗುತ್ತದೆ. ಮೊದಲು ಗಂಡಸರು ಬಂದು ಕೈ ಹಿಡಿದು ಎಳೆಯುವುದು, ಆಮೇಲೆ ಹೆಂಗಸರು ಕುಡಿಯಲು ತರುವುದು, ಕೊನೆಗೆ ಮದುವೆಯ ಮನೆಯವರೇ ಬಂದು ಕೈ ಮುಗಿಯುವುದು. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಜಾಲ್ಸೂರಿನ ಒಂದು ಮದುವೆಯಲ್ಲಿ ಕುಟುಂಬದ ಫೋಟೋಕ್ಕೆ ನನ್ನನ್ನು ಕರೆಯಲು ಮರೆತರೆಂದು, ಈ ಮೂರೂ ಹಂತ ದಾಟಿ, ಊಟ ಮಾಡದೆ ಬಸ್ಸು ಹತ್ತಿದ ಮನುಷ್ಯ ನಾನೇ! ವಿನಯದ ಅಮಲಿನಲ್ಲಿ ಅದೆಲ್ಲ ಮರೆತೇ ಹೋಗಿತ್ತು. ನಾನು ಮರೆತಿದ್ದೆ, ಊರು ಮರೆತಿರಲಿಲ್ಲ.

ಮೊದಲು ಬಂದವನು ರೈಮಂಡ್, ತೀರಿಹೋದ ಭಾವನ ತಮ್ಮ. ಮದುವೆಯ ಓಡಾಟವೆಲ್ಲ ಅವನದೇ.

"ಬಾವ, ಇಲ್ಲಿ ಎಂತ ಕೂತದ್ದು? ಮುಂದೆ ಬನ್ನಿ."

ಸುತ್ತ ನೋಡಿದೆ. ಚಪ್ಪರದಲ್ಲಿ ಇದ್ದದ್ದು ಏಳೆಂಟು ಜನ, ಅದರಲ್ಲಿ ಮೂವರು ಕುರ್ಚಿ ಹಾಕುವವರು. ಇಷ್ಟು ಕಡಿಮೆ ಪ್ರೇಕ್ಷಕರಿಗೆ ನನ್ನ ವಿನಯ ಖರ್ಚು ಮಾಡುವುದೇ?

"ಇಲ್ಲಿ ಸಾಕು ರೈಮಂಡ್. ನನ್ನಂಥವನಿಗೆ ಇದೇ ಹೆಚ್ಚು," ಎಂದು ಮುಗುಳ್ನಕ್ಕೆ.

ರೈಮಂಡನ ಮುಖ ಬಿಳಿಚಿತು. ಐದು ನಿಮಿಷದಲ್ಲಿ ಅವನ ಹೆಂಡತಿ ಓಡೋಡಿ ಜ್ಯೂಸ್ ತಂದಳು. ನನಗೆ ಶುಗರ್. "ಬೇಡಮ್ಮ," ಎಂದೆ. ಅವಳು ಲೋಟ ಹಿಡಿದುಕೊಂಡು ಅಳುವ ಮುಖ ಮಾಡಿ ಒಳಗೆ ಹೋದಳು. ಅಡುಗೆ ಕೋಣೆಯ ಕಿಟಕಿಯಿಂದ ಸಣ್ಣ ಸ್ವರ ಕೇಳಿಸಿತು: "ಜ್ಯೂಸ್ ಕೂಡ ಮುಟ್ಲಿಲ್ಲ. ಜಾಲ್ಸೂರಿನ ಹಾಗೇ ಆಗ್ತದೆ ಇವತ್ತು!"

ಆಗಲೇ ಎದ್ದು ನಿಜ ಹೇಳಬಹುದಿತ್ತು. ಹೇಳಿದರೆ ಪುಣ್ಯ ಗುಟ್ಟಾಗಿ ಉಳಿಯುವುದಿಲ್ಲವಲ್ಲ!

ರೈಮಂಡ್ ಮತ್ತೆ ಬಂದ. ಈ ಸಲ ನನ್ನ ಎರಡೂ ಕೈ ಹಿಡಿದುಕೊಂಡ. "ಬಾವ, ನಿಮಗೆ ಗೊತ್ತಾಗಿದೆ ಅಂತ ನಮಗೂ ಗೊತ್ತಾಯ್ತು. ನಾಳೆ ಟೋಸ್ಟ್ ಹೇಳ್ಲಿಕ್ಕೆ ನಿಮ್ಮನ್ನು ಬಿಟ್ಟು ಕಡಬದ ಹೆಡ್‌ಮಾಸ್ಟ್ರಿಗೆ ಹೇಳಿದ್ದು ತಪ್ಪೇ. ಕ್ಷಮಿಸ್ಬೇಕು."

ನನಗೆ ಗೊತ್ತೇ ಇರಲಿಲ್ಲ!

ಮದುವೆಯ ಊಟಕ್ಕೆ ಮುಂಚೆ ವೇದಿಕೆಯಲ್ಲಿ ನಿಂತು, ವಧೂವರರನ್ನು ಹೊಗಳಿ, ಲೋಟ ಎತ್ತಿಸುವ ಟೋಸ್ಟ್ ನಮ್ಮ ಕುಟುಂಬದಲ್ಲಿ ಯಾವತ್ತೂ ನನ್ನದೇ. "ಯಾಕೆ? ನಾನು ಸತ್ತಿದ್ದೇನಾ?" ಎಂದೆ.

"ಹಾಗಲ್ಲ ಬಾವ... ಹೋದ ಸಲ ನೀವು ಮಾತಾಡಿ ಮುಗಿಸುವಾಗ ಐಸ್‌ಕ್ರೀಮ್ ನೀರಾಗಿತ್ತು. ಅದಕ್ಕೆ..."

ಅಲ್ಲಿಯವರೆಗೆ ವಿನಯದಿಂದ ಕೂತಿದ್ದವನು ಈಗ ನಿಜವಾಗಿಯೂ ಮುನಿಸಿಕೊಂಡೆ. ಕುರ್ಚಿ ಅದೇ, ಹೊಗೆ ಅದೇ, ಮುಖದ ಮೇಲಿನ ನಗುವೂ ಬಹುಶಃ ಅದೇ. ಹೊರಗಿನಿಂದ ನೋಡಿದವರಿಗೆ ಒಂದಿಷ್ಟೂ ವ್ಯತ್ಯಾಸ ಕಂಡಿರಲಾರದು. ಅಷ್ಟರಲ್ಲಿ ಜನ ತುಂಬಿದರು. ನೋಡನೋಡುತ್ತಿದ್ದಂತೆ ಕಡಬದ ಹೆಡ್‌ಮಾಸ್ಟ್ರು ಬಂದು, ಆಚೆ ಈಚೆ ನೋಡಿ, ನನ್ನ ಸೋಫಾದಲ್ಲಿ ಕೂತರು! ಆರಾಮವಾಗಿ ಒರಗಿಯೂ ಬಿಟ್ಟರು!

ಇನ್ನು ಮೈಕಿನಲ್ಲಿ ಹೆಸರು ಹಿಡಿದು ಕರೆಯದೆ ಏಳುವುದಿಲ್ಲ ಎಂದು ನಿಶ್ಚಯಿಸಿದೆ.

ಐದೂವರೆಗೆ ಬ್ಯಾಂಡು ನಿಂತಿತು. ಜೋಸಿಯನ್ನು ತಂದು ಮಣೆಯ ಮೇಲೆ ಕೂರಿಸಿದರು. ಎದುರಿಗೆ ತೆಂಗಿನ ಹಾಲಿನ ಬಟ್ಟಲು, ಎಣ್ಣೆ. ಎಲ್ಲ ತಯಾರು. ಮೈಕಿನವನು ನನ್ನ ಹೆಸರು ಹೇಳಲು ಬಾಯಿ ತೆರೆದ. ರೈಮಂಡ್ ಓಡಿಹೋಗಿ ಮೈಕ್ ಮುಚ್ಚಿ ಹಿಡಿದ. ಕಾರಣ ಆಮೇಲೆ ತಿಳಿಯಿತು. ಎಲ್ಲರೆದುರು ಕರೆದು ನಾನು ಬಾರದೆ ಹೋದರೆ ಜೋಸಿಗೆ ಅವಮಾನ ಎಂದು ಅವನು ಹೆದರಿದ್ದನಂತೆ. ನಾನು ಯಾವ ಕರೆಗೆ ಕಾದು ಕೂತಿದ್ದೆನೋ, ನಾನು ಕಾದು ಕೂತಿದ್ದರಿಂದಲೇ ಅದು ಬರಲಿಲ್ಲ!

ಬದಲಿಗೆ ಸೆವ್ರಿನ್ ಬಂದಳು. ಚಪ್ಪರದ ಬದಿಯಿಂದ, ಯಾರಿಗೂ ಕಾಣದ ಹಾಗೆ. ಹೊಸ ಸೀರೆ, ಅತ್ತ ಕಣ್ಣು.

"ಅಣ್ಣ, ನನ್ನಿಂದ ತಪ್ಪಾಗಿದ್ರೆ ನನಗೆ ಹೊಡಿ. ಮಗು ಕಾಯ್ತಾ ಉಂಟು. ಬಾ."

ಈ ಭಾಗ ಬರೆಯಲು ನನಗೆ ನಾಚಿಕೆಯಾಗುತ್ತದೆ. ಗಂಡನಿಲ್ಲದ ತಂಗಿ, ಮಗಳ ಮದುವೆಯ ಹಿಂದಿನ ದಿನ, ನನ್ನ ಮುಂದೆ ಕೈಮುಗಿದು ನಿಂತಿದ್ದಳು. ನನ್ನ ಕಣ್ಣು ಅವಳ ಹೆಗಲ ಮೇಲಿಂದ ದಾಟಿ, ಜನ ಈ ಕಡೆ ನೋಡುತ್ತಿದ್ದಾರೋ ಎಂದು ಹುಡುಕಿತು. ಯಾರೂ ನೋಡುತ್ತಿರಲಿಲ್ಲ.

"ನೀವು ಶುರು ಮಾಡಿ. ನನಗಾಗಿ ಕಾಯ್ಬೇಡಿ," ಎಂದೆ.

ಹೌದು, ಹಾಗೇ ಹೇಳಿದೆ. ಸೆವ್ರಿನ್ ಸೆರಗಿನಿಂದ ಕಣ್ಣೊರಸಿಕೊಂಡು ಹೋದಳು. ಒಲೆಯ ಹತ್ತಿರ ನಿಂತಿದ್ದ ಅಡುಗೆಯವನು ಕೂಡ ನನ್ನಿಂದ ಮುಖ ತಿರುಗಿಸಿದ.

ಮಣೆಯ ಮೇಲೆ ಕೂತ ಮದುಮಗಳು ಶಾಸ್ತ್ರ ಮುಗಿಯುವ ಮುಂಚೆ ಏಳಬಾರದು. ಜೋಸಿ ಎದ್ದಳು. ಒಂದು ಕೈಯಲ್ಲಿ ಎಣ್ಣೆ, ಇನ್ನೊಂದರಲ್ಲಿ ಹಾಲಿನ ಬಟ್ಟಲು ಹಿಡಿದು ವೇದಿಕೆ ಇಳಿದಳು. ಮುನ್ನೂರು ತಲೆಗಳು ಅವಳ ಜೊತೆಯಲ್ಲೇ ತಿರುಗುತ್ತ ಬಂದವು. ಕೊನೆಗೆ ಎಲ್ಲ ಕಣ್ಣುಗಳೂ ನನ್ನ ಮೇಲೆ ಬಂದು ನಿಂತವು. ನಾನು ಬಯಸಿದ್ದು ಇದನ್ನೇ ತಾನೇ? ಭೂಮಿ ಬಾಯಿಬಿಟ್ಟಿದ್ದರೆ ಕುರ್ಚಿ ಸಮೇತ ಇಳಿದುಬಿಡುತ್ತಿದ್ದೆ.

ಅವಳು ನನ್ನ ಎದುರು ನೆಲದ ಮೇಲೆ, ಬಾಳೆಲೆಯ ಚೂರುಗಳ ಮೇಲೆ ಕೂತಳು.

"ಮಾಮ, ನೀವು ಅಲ್ಲಿಗೆ ಬರುದಿಲ್ಲ ಅಂದ್ರೆ ಇಲ್ಲೇ ಹಾಕಿ. ನನಗೆ ಅಪ್ಪ ಇಲ್ಲ. ನೀವೂ ಇಲ್ಲದೆ ನಾನು ನಾಳೆ ಹೇಗೆ ಹೋಗುದು? ಎಂತ ಸಿಟ್ಟು ನಿಮಗೆ?"

"ಸಿಟ್ಟಲ್ಲ ಮಗಾ..." ಎಂದೆ. "ಸಾಮತಿ."

"ಎಂತ?"

ತೊದಲುತ್ತ ಎಲ್ಲ ಹೇಳಿದೆ. ಬಿಸ್ಕಿಟ್ ಡಬ್ಬಿ, ಚೀಟಿ, ಕೊನೆಯ ಸ್ಥಾನ, ಎಲ್ಲರೆದುರಿನ ಕರೆ. ಹೇಳುತ್ತ ಹೇಳುತ್ತ ನನ್ನ ಕಿವಿಗೇ ಅದು ಹೊಲಸಾಗಿ ಕೇಳಿಸಿತು. ಜನರ ನಡುವಿನಿಂದ ಲಿಲ್ಲಿಯ ಸ್ವರ ಬಂತು:

"ಇನ್ನಾದರೂ ಆ ಕುರ್ಚಿ ಬಿಟ್ಟು ಏಳಿ! ಹುಡುಗಿ ನೆಲದಲ್ಲಿ ಕೂತಿದ್ದಾಳೆ, ನೀವು ಅವಳಿಗಿಂತ ಮೇಲೆ ಕೂತಿದ್ದೀರಿ!"

ದಡಬಡಿಸಿ ಎದ್ದೆ. ಸೊಟ್ಟಕಾಲಿನ ಕುರ್ಚಿ ಮಗುಚಿತು. ನಾನೂ ನೆಲದ ಮೇಲೆ ಅವಳೆದುರು ಮೊಣಕಾಲೂರಿದೆ. ಹಣೆಗೆ ಎಣ್ಣೆಯಿಂದ ಶಿಲುಬೆಯ ಗುರುತು ಹಾಕಿದೆ. ತೆಂಗಿನ ಹಾಲು ತಲೆಗೆ ಹೋಗದೆ ನೇರ ಅವಳ ಕಣ್ಣಿಗೆ ಹೋಯಿತು. ಅವಳು ಕಣ್ಣು ಮುಚ್ಚಿಕೊಂಡು ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ನಾನಂತೂ ಅಳುತ್ತಿದ್ದೆ. ಕಣ್ಣಿಗೆ ಹೊಗೆ ಬಂತೆಂದು ಆಮೇಲೆ ಎಲ್ಲರಿಗೂ ಹೇಳಿದೆ, ಯಾರೂ ನಂಬಲಿಲ್ಲ.

ಶುರುವಾದ ಶಾಸ್ತ್ರವನ್ನು ನಡುವೆ ಎಬ್ಬಿಸಬಾರದೆಂದು ಉಳಿದ ರೋಸ್ ಕೂಡ ಅಲ್ಲಿಯೇ ನಡೆಯಿತು. ಜನ ಕುರ್ಚಿಗಳನ್ನು ತಿರುಗಿಸಿ ಕೂತರು. ಹಿಂದಿನ ಸಾಲು ಮುಂದೆ, ಮುಂದಿನದು ಹಿಂದೆ! ಕಡಬದ ಹೆಡ್‌ಮಾಸ್ಟ್ರು ಸೋಫಾ ಸಮೇತ ಎಲ್ಲರಿಗಿಂತ ಕೊನೆಯವರಾಗಿ ಉಳಿದರು. ಅವರಿಗೆ ಅದರಿಂದ ಭಾರಿ ಬೇಸರವಾಯಿತು. ಜ್ಯೂಸ್ ಬೇಡವೆಂದರು! ಪಾಪ ರೈಮಂಡ್, ಅವರಲ್ಲಿಗೆ ಹೋಗಿ ಮತ್ತೆ ಒಂದನೇ ಹಂತದಿಂದ ಶುರು ಮಾಡಬೇಕಾಯಿತು.

ಮರುದಿನ ಇಗರ್ಜಿಯ ಬಾಗಿಲಿನಿಂದ ಪೀಠದವರೆಗೆ ಜೋಸಿಯನ್ನು ಕೈಹಿಡಿದು ಕರೆದುಕೊಂಡು ಹೋಗಬೇಕಾದವನೂ ನಾನೇ. ನನ್ನನ್ನು ಬಿಟ್ಟು ಬೇರೆ ಯಾರನ್ನು ಕಳುಹಿಸಿದ್ದರೂ ನಾನು ತುಟಿಪಿಟಕ್ಕೆನ್ನುತ್ತಿರಲಿಲ್ಲ. ಆದರೆ ಅವಳು ನನ್ನನ್ನೇ ಕರೆದಳು. ಬಾಗಿಲಲ್ಲಿ ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ, ಕೋಟಿನ ಒಳಗೂ ಉಗುರು ತಾಗಿತು. ನನ್ನ ಕಣ್ಣು ತುಂಬಿ ಬಂತು. ನಿನ್ನೆ ಅಷ್ಟೆಲ್ಲ ಮಾಡಿದ ಮೇಲೂ ಈ ಮಗುವಿಗೆ ನನ್ನ ಮೇಲೆ ಎಷ್ಟು ಪ್ರೀತಿ!

"ಹೆದರಬೇಡ ಮಗಾ, ನಾನಿದ್ದೇನೆ," ಎಂದು ಮೆಲ್ಲಗೆ ಹೇಳಿದೆ.

"ಹೆದರಿಕೆ ಅಲ್ಲ ಮಾಮ," ಎಂದಳು ತುಟಿ ಅಲ್ಲಾಡಿಸದೆ. "ಕೊನೇ ಬೆಂಚು ದಾಟುವವರೆಗೆ ಕೈ ಬಿಡ್ಬೇಡ ಅಂತ ಮಾಮಿ ಹೇಳಿದ್ದಾರೆ."

ಕೊನೆಯ ಬೆಂಚು ದಾಟಿದೆವು. ಅವಳು ಬಿಡಲಿಲ್ಲ. ಮೊದಲ ಬೆಂಚಿನ ವಿಷಯದಲ್ಲೂ ನನ್ನನ್ನು ನಂಬುವ ಹಾಗಿಲ್ಲವೆಂದು ಅವಳಿಗೆ ಗೊತ್ತಿರಬೇಕು.