ಕೊನೆಯ ಮನೆಯ ದೀಪವೂ ನನ್ನ ನಲವತ್ತೆರಡು ಪುಟವೂ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಮುಂದೆ ಓದುತ್ತಾ ಹೋದರೆ ಅದು ನಿಮಗೇ ಗೊತ್ತಾಗುತ್ತದೆ, ಆಗ ಮುಚ್ಚಿಟ್ಟೆ ಎಂಬ ಇನ್ನೊಂದು ಅಪವಾದವೂ ನನ್ನ ತಲೆಗೆ ಬರುತ್ತದೆ. ಆದರೆ ನನ್ನ ಹೊಟ್ಟೆಕಿಚ್ಚಿಗೂ ಒಂದು ಶಿಸ್ತಿದೆ. ಪಕ್ಕದ ಮನೆಯವರು ಕಾರು ತಂದರೆ ನಾನೇ ಮುಂದೆ ನಿಂತು ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇನೆ. ನನ್ನ ಷಡ್ಡಕ ಮೂರಂತಸ್ತಿನ ಮನೆ ಕಟ್ಟಿಸಿದಾಗ ಗೃಹಪ್ರವೇಶಕ್ಕೆ ಹೋಗಿ, ಎರಡು ಸಲ ಹೋಳಿಗೆ ಹಾಕಿಸಿಕೊಂಡು ಉಂಡು, ಸಂತೋಷವಾಗಿ ತೇಗಿ ಬಂದೆ. ನನ್ನನ್ನು ಸುಡುವುದು ಒಂದೇ ಒಂದು: ಅಚ್ಚಾದ ಕಾಗದದಲ್ಲಿ ನನ್ನ ಹೆಸರು ಇರಬೇಕಾದ ಜಾಗದಲ್ಲಿ ಇನ್ನೊಬ್ಬರ ಹೆಸರಿರುವುದು. ಮದುವೆಯ ಕರೆಯೋಲೆ ಕೈಗೆ ಬಂದರೆ ನಾನು ಮುಹೂರ್ತ ನೋಡುವವನಲ್ಲ. ಕೊನೆಯಲ್ಲಿ ಸಣ್ಣಕ್ಷರದಲ್ಲಿರುವ ‘ಸುಖಾಗಮನ ಬಯಸುವವರು’ ಪಟ್ಟಿಗೆ ನೇರವಾಗಿ ಹೋಗುತ್ತೇನೆ. ನನ್ನ ಹೆಸರಿದ್ದರೆ ಅದು ಒಳ್ಳೆಯ ಸಂಬಂಧ. ಇಲ್ಲದಿದ್ದರೆ ಆ ದಿನ ನನಗೆ ಡ್ಯೂಟಿ ಇರುತ್ತದೆ.

ಡ್ಯೂಟಿ ಎಂದರೆ, ನಾನು ಚಳ್ಳಕೆರೆಯ ವಿದ್ಯುತ್ ಕಚೇರಿಯಲ್ಲಿ ಜೂನಿಯರ್ ಇಂಜಿನಿಯರ್. ಈ ಹುದ್ದೆಯಲ್ಲಿ ಜೂನಿಯರ್ ಆಗಿಯೇ ತಲೆ ನೆರೆಯುವುದು ವಾಡಿಕೆ. ಇಷ್ಟು ವರ್ಷದ ಸೇವೆಯಲ್ಲಿ ನನ್ನ ಹೆಸರು ಎಲ್ಲೂ ಅಚ್ಚಾಗಿರಲಿಲ್ಲ. ಹೀಗಿರುವಾಗ ಒಂದು ದಿನ ಮೇಲಿನಿಂದ ಕಾಗದ ಬಂತು. ದೊಡ್ಡ ಲೈನು ಹೋಗದ, ಹೋದರೂ ಕರೆಂಟು ಸರಿಯಾಗಿ ಸಿಗದ ದೂರದ ಹಟ್ಟಿಗಳಿಗೆ ಸಣ್ಣ ಸಣ್ಣ ಸೋಲಾರ್ ಜಾಲ ಮಾಡುತ್ತಾರಂತೆ. ಹಟ್ಟಿಗೆ ಒಂದು ಅಂಗಳ ಸೋಲಾರ್ ಪ್ಲೇಟು, ಒಂದು ಬ್ಯಾಟರಿ ಕೋಣೆ, ಅಲ್ಲಿಂದ ಮನೆಮನೆಗೆ ಅವರದೇ ತಂತಿ. ಅದನ್ನು ಯಾರು ನಡೆಸಬೇಕು, ಮುಂದೆ ದೊಡ್ಡ ಲೈನು ಬಂದರೆ ಇದನ್ನೇನು ಮಾಡಬೇಕು, ಮೋಡ ಕವಿದು ಬ್ಯಾಟರಿ ಇಳಿದ ದಿನ ಇರುವಷ್ಟು ಕರೆಂಟನ್ನು ಹೇಗೆ ಹಂಚಬೇಕು ಎಂಬುದಕ್ಕೆಲ್ಲ ನೀತಿ ನಿಯಮ ಬರೆಯುತ್ತಿದ್ದಾರೆ, ಅದಕ್ಕೆ ಈ ಭಾಗದಿಂದ ತಾಂತ್ರಿಕ ನೆರವು ಕೊಡಲು ನಿಮ್ಮನ್ನು ನೇಮಿಸಿದೆ ಎಂದು ಆ ಕಾಗದ ಹೇಳುತ್ತಿತ್ತು.

ತಾಂತ್ರಿಕ ನೆರವು! ಆ ಎರಡು ಪದಗಳನ್ನು ನಾನು ಚಳ್ಳಕೆರೆಯಲ್ಲಿ ಹೇಳದ ಜಾಗವಿಲ್ಲ. ಎಣ್ಣೆ ಮಿಲ್ಲಿನ ಮುಂದೆ ಹೇಳಿದೆ, ಮಂಡಕ್ಕಿ ಮೆಣಸಿನಕಾಯಿ ಅಂಗಡಿಯಲ್ಲಿ ಹೇಳಿದೆ, ಕ್ಷೌರ ಮಾಡಿಸಿಕೊಳ್ಳುವಾಗ ಕತ್ತು ಬಗ್ಗಿಸಿಕೊಂಡೇ ಹೇಳಿದೆ. ನನ್ನ ಹೆಂಡತಿ ಸರೋಜಳಿಗೆ ದಿನಕ್ಕೆ ಮೂರು ಹೊತ್ತು ಹೇಳಿದೆ. ಆಮೇಲೆ ಕುಳಿತು ನಲವತ್ತೆರಡು ಪುಟ ಬರೆದೆ. ಅದರಲ್ಲಿ ಏಳನೆಯ ಅಧ್ಯಾಯ ನನ್ನ ಪ್ರಾಣ. ಮೋಡದ ದಿನ ಯಾವ ಮನೆಗೆ ಎಷ್ಟು ಕರೆಂಟು ಎಂಬುದನ್ನು ಮೂರು ಸೂತ್ರ, ಎರಡು ನಕ್ಷೆ, ಒಂದು ಕೋಷ್ಟಕದಲ್ಲಿ ಬಿಡಿಸಿಟ್ಟಿದ್ದೆ. ಎರಡು ದಿನ ಬಿಟ್ಟು ಓದಿದಾಗ ನನಗೇ ಅರ್ಥವಾಗಲಿಲ್ಲ. ಅಷ್ಟು ಚೆನ್ನಾಗಿತ್ತು.

ನಿಯಮ ಬರೆಯುವ ಹೊಣೆ ಹೊತ್ತಿದ್ದವರು ನಿವೇದಿತಾ ಎಂಬ ಸಲಹೆಗಾರ್ತಿ. ಮೊಳಕಾಲ್ಮೂರಿನ ಕಡೆ ಒಂದು ಹಟ್ಟಿಯಲ್ಲಿ ಪ್ರಯೋಗಕ್ಕೆಂದು ಇಂಥ ಜಾಲ ಹಾಕಿ ಒಂದು ವರ್ಷವಾಗಿತ್ತು. ಅದನ್ನು ನೋಡಲು ಹೊರಟ ಮೇಡಂ ಮೊದಲು ನಮ್ಮ ಕಚೇರಿಗೆ ಬಂದರು. ನಾನು ಇಸ್ತ್ರಿ ಅಂಗಿ ಹಾಕಿ, ನಲವತ್ತೆರಡು ಪುಟಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ನಿಂತಿದ್ದೆ. ಮೇಡಂ ಜೀಪಿನಿಂದ ಇಳಿಯದೆ, “ಹಟ್ಟಿಗೆ ದಾರಿ ಯಾರಿಗೆ ಗೊತ್ತು?” ಎಂದರು. ನಮ್ಮ ಲೈನ್‌ಮನ್ ತಿಪ್ಪೇಸ್ವಾಮಿ, “ನಂಗೊತ್ತೈತೆ ಮೇಡಂ” ಎಂದವನೇ ಮುಂದಿನ ಸೀಟಿನಲ್ಲಿ ಕುಳಿತುಬಿಟ್ಟ. ನಾನು ಹಿಂದೆ, ಏಣಿ ಮತ್ತು ತಂತಿಯ ಸುರುಳಿಯ ಪಕ್ಕ. ಬಿ.ಜಿ. ಕೆರೆ ದಾಟುವವರೆಗೂ ಮುಂದಿನ ಸೀಟಿನಲ್ಲಿ ನಗು, ಮಾತು. ತಿಪ್ಪೇಸ್ವಾಮಿ ಯಾವ ಕಂಬದಲ್ಲಿ ಹದ್ದು ಗೂಡು ಕಟ್ಟಿತ್ತು ಎಂದು ಹೇಳುತ್ತಿದ್ದಾನೆ, ಮೇಡಂ ಅದನ್ನು ಬರೆದುಕೊಳ್ಳುತ್ತಿದ್ದಾರೆ! ನನ್ನ ಹೊಟ್ಟೆಯೊಳಗೆ ಯಾರೋ ಹಸಿಮೆಣಸಿನಕಾಯಿ ಅರೆಯಲು ಶುರುಮಾಡಿದ್ದು ಆಗಲೇ.

ಹಟ್ಟಿಯಲ್ಲಿ ಬೇವಿನ ಮರದ ಕೆಳಗೆ ಜನ ಸೇರಿದರು. ಅಲ್ಲಿ ಕನ್ನಡಕ್ಕೂ ತೆಲುಗಿಗೂ ನಡುವೆ ಗೋಡೆಯಿಲ್ಲ. ತಿಪ್ಪೇಸ್ವಾಮಿ ಎರಡರಲ್ಲೂ ಈಜುತ್ತಾನೆ, ನಾನು ಎರಡರಲ್ಲೂ ನೀರು ಕುಡಿಯುತ್ತೇನೆ. ಮೇಡಂ ಕೇಳಿದರು, “ಮೋಡದ ದಿನ ಕರೆಂಟ್ ಸಾಲದೇ ಹೋದರೆ ಏನು ಮಾಡ್ತೀರಿ?” ನಾನು ಏಳನೆಯ ಅಧ್ಯಾಯ ತೆರೆದೆ. ಅಷ್ಟರಲ್ಲಿ ಬೊಮ್ಮಕ್ಕ ಎಂಬ ಹಿರಿಯ ಹೆಂಗಸು ಎಲೆಯಡಿಕೆ ಒಂದು ದವಡೆಗೆ ತಳ್ಳಿ ಮಾತಾಡಿತು.

“ಕೆರೆ ನೀರು ಕಮ್ಮಿ ಆದಾಗ ನಮ್ ನೀರುಗಂಟಿ ಏನ್ ಮಾಡ್ತಿದ್ದ? ಕೊನೇ ಹೊಲಕ್ಕೆ ಮೊದ್ಲು ನೀರು ಬಿಡ್ತಿದ್ದ. ತೂಬಿನ ಬಗಲಾಗಿರೋನು ಕಣ್ಣಾರೆ ನೀರು ನೋಡ್ತಿರ್ತಾನೆ, ಅವ್ನಿಗೇನವಸ್ರ? ಇಲ್ಲೂ ಅಂಗೇಯ ಮಾಡ್ಕಂಡೀವಿ ಕಣವ್ವ. ಮೋಡ ಆದ್ ದಿನ ಕೊನೇ ಮನೆ ಕರಿಯಣ್ಣಂಗೆ ಮೊದ್ಲು. ಬ್ಯಾಟ್ರಿ ರೂಮಿನ ಪಕ್ಕದ ಮನೆ ನಂದು, ನಂಗೆ ಕೊನೇಗೆ.”

ತಿಪ್ಪೇಸ್ವಾಮಿ ಅದಕ್ಕೆ ಒಂದೇ ಮಾತು ಸೇರಿಸಿದ. “ತಂತಿ ಉದ್ದ ಆದಂಗೆ ಕರೆಂಟು ಸೊರಗ್ತೈತೆ ಮೇಡಂ. ಕೊನೇ ಮನೆ ದೀಪ ಸರಿಯಾಗಿ ಉರೀತಾ ಐತಾ ಅಂತ ನೋಡ್ರಿ. ಅದು ಉರಿದ್ರೆ ಮಿಕ್ಕಿದ್ದೆಲ್ಲಾ ತಾನೇ ಸರಿ ಇರ್ತೈತೆ.”

ಮೇಡಂ ಪೆನ್ನು ಕೆಳಗಿಟ್ಟು ಅವನನ್ನೇ ನೋಡಿದರು. ಆ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ. ಅವನು ಹೇಳಿದ್ದು ಡಿಪ್ಲೊಮಾದ ಮೊದಲ ವರ್ಷದ ಪಾಠ. ನನಗೆ ಗೊತ್ತಿಲ್ಲದ್ದೇನಲ್ಲ. ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ನಲವತ್ತೆರಡು ಪುಟದಲ್ಲಿ ಎಲ್ಲೂ ಅದನ್ನು ಬರೆಯಬೇಕು ಎಂದೇ ತೋಚಿರಲಿಲ್ಲ. ಬೇರೆಯವರಿಗೆ ಗೊತ್ತಿರುವುದನ್ನು ಅವರು ಹೇಳಿದರೆ ತಡೆದುಕೊಳ್ಳಬಹುದು ಸ್ವಾಮಿ, ನನಗೆ ಗೊತ್ತಿದ್ದದ್ದನ್ನೇ ಅವರು ಹೇಳಿ ಹೊಗಳಿಸಿಕೊಂಡರೆ ಹೇಗೆ ತಡೆಯುವುದು? ವಾಪಸು ಬರುವಾಗ ತಿಪ್ಪೇಸ್ವಾಮಿ ಹಿಂದೆ ತಿರುಗಿ, “ಸಾರ್, ಯಾಕೆ ಮುಖ ಬಾಡೈತೆ, ಏಣಿ ಒತ್ತುತಾ?” ಎಂದು ಕೇಳಿದ. ಒತ್ತುತ್ತಿದ್ದದ್ದು ಏಣಿಯಲ್ಲ.

ಮೂರು ತಿಂಗಳಿಗೆ ಕರಡು ನಿಯಮ ಅಚ್ಚಾಗಿ ಬಂತು. ಕರೆಯೋಲೆ ನೋಡುವವನಂತೆ ಕೊನೆಯಿಂದ ಶುರುಮಾಡಿದೆ. ಅನುಬಂಧದಲ್ಲಿ ನಾನಿಲ್ಲ. ಕೃತಜ್ಞತೆಯಲ್ಲಿ ನಾನಿಲ್ಲ. ನಡುವೆ ಒಂದು ನಿಯಮ, ‘ಕೊರತೆಯ ಸಮಯದಲ್ಲಿ ವಿತರಣೆಯು ಜಾಲದ ಕೊನೆಯ ಮನೆಯಿಂದ ಆರಂಭವಾಗತಕ್ಕದ್ದು.’ ಅದರ ಕೆಳಗೆ ಅಡಿಟಿಪ್ಪಣಿಯಲ್ಲಿ ಬೊಮ್ಮಕ್ಕ ಮತ್ತು ಲೈನ್‌ಮನ್ ಶ್ರೀ ತಿಪ್ಪೇಸ್ವಾಮಿ ಅವರ ಸಲಹೆಯಂತೆ ಎಂದು ಇತ್ತು. ಶ್ರೀ! ಸಂಬಳದ ಚೀಟಿಯಲ್ಲೂ ಅವನಿಗೆ ಶ್ರೀ ಇಲ್ಲ. ಅಂದು ನಾನು ಕೈಗಿತ್ತ ನಲವತ್ತೆರಡು ಪುಟದಿಂದ ಮೇಡಂ ತೆಗೆದುಕೊಂಡದ್ದು ಊರುಗಳ ಹೆಸರಿನ ಕಾಗುಣಿತ ಮಾತ್ರ. ಇದು ಸಾಲದು ಎಂಬಂತೆ ತಿಪ್ಪೇಸ್ವಾಮಿ ಅದೇ ಪುಸ್ತಕ ಹಿಡಿದುಕೊಂಡು ನನ್ನ ಮೇಜಿಗೆ ಬಂದ. “ಸಾರ್, ಇದ್ರಾಗೆ ನಂದೇನೋ ಬಂದೈತಂತೆ. ಈ ಸರ್ಕಾರಿ ಕನ್ನಡ ನಂಗೆ ಬಗೆಹರಿಯಲ್ಲ, ಒಸಿ ಓದಿ ಹೇಳ್ರಿ” ಎಂದ. ಓದಿ ಹೇಳಿದೆ. ಇನ್ನೊಂದು ಸಲ ಓದ್ರಿ ಎಂದ. ಇನ್ನೊಂದು ಸಲವೂ ಓದಿದೆ.

ಆ ವಾರವೆಲ್ಲ ಊಟ ಸೇರಲಿಲ್ಲ. ಸರೋಜ ಪಿತ್ತ ಎಂದುಕೊಂಡು ಜೀರಿಗೆ ಕಷಾಯ ಮಾಡಿಕೊಟ್ಟಳು. ಹೊಟ್ಟೆಕಿಚ್ಚಿಗೆ ಕಷಾಯ ಕುಡಿದ ಗಂಡಸು ನಾನೊಬ್ಬನೇ ಇರಬೇಕು. ಆಗ ಕರಡಿನ ಹಿಂಬದಿಯ ಒಂದು ಸಾಲು ಕಣ್ಣಿಗೆ ಬಿತ್ತು: ಸಾರ್ವಜನಿಕರು ಆಕ್ಷೇಪಣೆಗಳಿದ್ದಲ್ಲಿ ಲಿಖಿತವಾಗಿ ಸಲ್ಲಿಸಬಹುದು. ನಾನು ಇಲಾಖೆಯವನು, ಸಾರ್ವಜನಿಕನಲ್ಲ. ಆದರೆ ನನ್ನ ಹೆಂಡತಿ ಸಾರ್ವಜನಿಕಳು! ನಮ್ಮ ಕಡೆ ಗಂಡಸರಿಗೆ ಇದು ಅಭ್ಯಾಸವಾದ ದಾರಿ. ಪಂಚಾಯ್ತಿ ಸದಸ್ಯೆ ಹೆಂಡತಿ, ಸಭೆಯಲ್ಲಿ ಮಾತಾಡುವವನು ಗಂಡ. ಸಂಘದ ಅಧ್ಯಕ್ಷೆ ಹೆಂಡತಿ, ಸೀಲು ಗಂಡನ ಜೇಬಿನಲ್ಲಿ. ನಾನೂ ಹಾಗೇ ಮಾಡಿದೆ. ಕೊನೆಯ ಮನೆಯ ನಿಯಮ ಅವೈಜ್ಞಾನಿಕ, ಅದನ್ನು ಕೈಬಿಟ್ಟು ಚಳ್ಳಕೆರೆಯ ಅನುಭವೀ ಇಂಜಿನಿಯರೊಬ್ಬರ ಅಮೂಲ್ಯವಾದ ಏಳನೆಯ ಅಧ್ಯಾಯವನ್ನು ಅಳವಡಿಸಬೇಕು ಎಂದು ನಾಲ್ಕು ಪುಟ ಬರೆದು, ಸಹಿಗೆ ಸರೋಜಳ ಮುಂದೆ ಹಿಡಿದೆ. ಅವಳು ಒಗ್ಗರಣೆಯ ಮುಂದಿದ್ದಳು. “ಏನ್ರೀ ಇದು?” ಎಂದಳು. “ಕರೆಂಟಿನ ವಿಷಯ” ಎಂದೆ. ಸಾಸಿವೆ ಸಿಡಿಯುವ ಮೊದಲು ಸಹಿ ಹಾಕಿಕೊಟ್ಟಳು.

ಆಕ್ಷೇಪಣೆ ಸಲ್ಲಿಸಿದವರನ್ನು ಕರೆಸಿ ಕೇಳುತ್ತಾರೆ ಎಂಬುದು ನನಗೆ ಹೊಳೆದಿರಲಿಲ್ಲ. ಒಂದು ದಿನ ಅಂಚೆಯಲ್ಲಿ ಶ್ರೀಮತಿ ಸರೋಜಮ್ಮನವರಿಗೆ ನೋಟೀಸು ಬಂತು: ಚಳ್ಳಕೆರೆಯಲ್ಲೇ ವಿಚಾರಣಾ ಸಭೆ, ಖುದ್ದು ಹಾಜರಾಗಿ ವಾದ ಮಂಡಿಸಬೇಕು. ಸರೋಜಳ ತವರು ಮೊಳಕಾಲ್ಮೂರು, ರೇಷ್ಮೆ ಸೀರೆ ನೇಯುವ ಮನೆ. ಸಿಟ್ಟು ಬಂದರೆ ಅವಳ ಬಾಯಲ್ಲಿ ಮೊದಲು ಬರುವುದು ತೆಲುಗು. ಅಂದು ಬಂದ ತೆಲುಗನ್ನು ಇಲ್ಲಿ ಬರೆಯುವಂತಿಲ್ಲ. ಆಮೇಲೆ ಕನ್ನಡಕ್ಕೆ ಇಳಿದು, “ನನ್ ಹೆಸರು ಹಾಕಿದ್ರಲ್ಲ, ಅದ್ರಾಗೇನೈತೆ ಅಂತ ಈಗಾದ್ರೂ ಹೇಳ್ರಿ” ಎಂದಳು.

ಒಂದು ವಾರ ಪಾಠ ಮಾಡಿದೆ. ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಮೂರೂ ಸೂತ್ರ ಕೇಳಿದಳು. ಕೊನೆಗೆ, “ಅಂದ್ರೆ ಮೋಡ ಆದ್ ದಿನ ಯಾರ ಮನೆಗೆ ಕತ್ಲೆ?” ಎಂದಳು. “ಅದನ್ನ ಸೂತ್ರ ಹೇಳುತ್ತೆ” ಎಂದೆ. ಅವಳು ಮೊರ ಕೊಡವಿದಳು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಆದರೆ ಏಳನೆಯ ಅಧ್ಯಾಯ ಅಚ್ಚಾಗುವ ಕನಸಿನಲ್ಲಿ ನಾನು ತೇಲುತ್ತಿದ್ದೆ.

ಸಭೆಯ ದಿನ ಮುಂದಿನ ಸಾಲಿನಲ್ಲಿ ಅಧಿಕಾರಿಗಳು, ಅವರ ಪಕ್ಕ ನಿವೇದಿತಾ ಮೇಡಂ. ಗೋಡೆಗೆ ಒರಗಿಕೊಂಡು ತಿಪ್ಪೇಸ್ವಾಮಿ. ನಾನು ಸರೋಜಳ ಹಿಂದಿನ ಕುರ್ಚಿಯಲ್ಲಿ, ಮರೆತರೆ ಹೇಳಿಕೊಡಲು ಸಿದ್ಧನಾಗಿ. ಅವಳ ಹೆಸರು ಕೂಗಿದರು. ಸರೋಜ ಎದ್ದು ನನ್ನ ನಾಲ್ಕು ಪುಟ ಬಿಡಿಸಿ ಓದಲು ಶುರುಮಾಡಿದಳು. ‘ಅನುಭವೀ ಇಂಜಿನಿಯರೊಬ್ಬರ ಅಮೂಲ್ಯವಾದ’ ಎಂಬಲ್ಲಿಗೆ ಬಂದಾಗ ಮೇಡಂ ತುಟಿ ಕಚ್ಚಿಕೊಂಡು ನನ್ನ ಕಡೆ ನೋಡಿದರು. ನಲವತ್ತೆರಡು ಪುಟ ಓದಿದವರಿಗೆ ಆ ಶೈಲಿಯ ಒಡೆಯ ಯಾರೆಂದು ಹೇಳಬೇಕೆ? ಸರೋಜ ಇನ್ನೆರಡು ಸಾಲು ಓದಿ, ಕಾಗದ ಮಡಚಿದಳು.

“ಸಾರ್, ಇದು ನಮ್ ಮನೆಯವ್ರು ಬರ್ದಿದ್ದು, ನನ್ ಕೈಲಿ ಸಹಿ ಹಾಕ್ಸಿದ್ದು. ಇದು ನಂಗೆ ತಿಳಿಯಲ್ಲ. ತಿಳಿದಿದ್ದು ಹೇಳ್ತೀನಿ. ನಮ್ಮವ್ವನ ಮನೆ ನಮ್ ಕೇರಿಗೆ ಕೊನೇದು. ಬಲ್ಬು ಯಾವಾಗ್ಲೂ ಕೆಂಪಗೆ ಉರಿಯೋದು. ನಮ್ಮಪ್ಪ ಮಗ್ಗದಾಗೆ ಕೂತು ಕುಂಕುಮ ಬಣ್ಣ ಯಾವ್ದು, ಅರಗಿನ ಬಣ್ಣ ಯಾವ್ದು ಗೊತ್ತಾಗ್ದೆ ಒಂದು ಸೀರೆ ಅಂಚೆಲ್ಲಾ ತಪ್ಪು ನೇಯ್ದುಬಿಟ್ಟಿತ್ತು. ಆ ಸೀರೆ ಯಾರೂ ತಗಳ್ಲಿಲ್ಲ. ಅದನ್ನೇ ನನ್ ಮದುವೇಲಿ ಉಡಿಸಿದ್ರು. ಅದ್ಕೇ ಹೇಳ್ತೀನಿ, ಕೊನೇ ಮನೆಗೇ ಮೊದ್ಲು ಕೊಡ್ರಿ. ಬರೀ ಬರ್ದಿಟ್ರೆ ಸಾಲ್ದು. ಬ್ಯಾಟ್ರಿ ರೂಮಿನ ಬೀಗದ್ ಕೈ ಕೊನೇ ಮನೆಯವ್ರ ಹತ್ರಾನೇ ಇರ್ಲಿ.”

ಸಭೆಯಲ್ಲಿ ಚಪ್ಪಾಳೆ. ಮೊದಲು ತಟ್ಟಿದವನು ತಿಪ್ಪೇಸ್ವಾಮಿ. ಮದುವೆಯ ದಿನ ಅವಳು ಉಟ್ಟ ಸೀರೆಯ ಅಂಚನ್ನು ನಾನು ಇಷ್ಟು ವರ್ಷ ಹೊಸ ಬಗೆಯ ಕುಸುರಿ ಎಂದೇ ತಿಳಿದಿದ್ದೆ, ನಾಲ್ಕು ಜನರ ಮುಂದೆ ಹೊಗಳಿಯೂ ಇದ್ದೆ. ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನಾಚಿಕೆ ಇನ್ನೂ ಕುರ್ಚಿ ಹುಡುಕುತ್ತಿರುವಾಗಲೇ ಹೊಟ್ಟೆಕಿಚ್ಚು ಬಂದು ಕುಳಿತುಬಿಟ್ಟಿತ್ತು. ಏಕೆಂದರೆ ಮೇಡಂ ಬೀಗದ ಕೈಯ ಮಾತನ್ನು ಬರೆದುಕೊಳ್ಳುತ್ತಿದ್ದರು. ಮನೆಯಲ್ಲಿ ಬೀರುವಿನ ಬೀಗದ ಕೈ ಎಲ್ಲಿಟ್ಟೆ ಎಂದು ದಿನಾ ಹುಡುಕುವ ಹೆಂಗಸು!

ಅಂತಿಮ ನಿಯಮ ಈಗ ಅಚ್ಚಾಗಿದೆ. ಅದರಲ್ಲಿ ತಿಪ್ಪೇಸ್ವಾಮಿ ಇದ್ದಾನೆ. ಬೊಮ್ಮಕ್ಕ ಇದೆ. ಬೀಗದ ಕೈಯ ನಿಯಮ ಇದೆ, ಅದರ ಕೆಳಗೆ ಶ್ರೀಮತಿ ಸರೋಜಮ್ಮ ಇದ್ದಾಳೆ. ತಿಪ್ಪೇಸ್ವಾಮಿ ಈಗ ಮನೆಗೆ ಬಂದರೆ ನನ್ನನ್ನು ದಾಟಿಕೊಂಡು ಅಡುಗೆಮನೆಯ ಕಡೆ ಮುಖಮಾಡಿ, “ಅಕ್ಕಾ, ಗೌರಸಮುದ್ರದ ಕಡೆಯೂ ಒಂದು ಜಾಲ ಹಾಕ್ತಾರಂತೆ, ನಿಮ್ಮನ್ನ ಕರ್ಕಂಡ್ ಬರಾಕೆ ಮೇಡಂ ಹೇಳ್ಯಾರೆ” ಎನ್ನುತ್ತಾನೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, “ಯಾವತ್ತು?” ಎಂದು ಕೇಳುತ್ತಾಳೆ.

ನಾನೂ ಅಚ್ಚಾಗಿದ್ದೇನೆ, ಇಲ್ಲವೆನ್ನಲಾರೆ. ನಿಯಮದ ಜೊತೆಗೆ ಲಗತ್ತಿಸಿರುವ ಸಭೆಯ ನಡಾವಳಿಯ ಕೊನೆಯ ಪುಟದಲ್ಲಿ ಒಂದು ಸಾಲಿದೆ: ‘ಆಕ್ಷೇಪಣೆದಾರರ ಪತಿ ಹಾಜರಿದ್ದರು. ಅವರು ಏನನ್ನೂ ಹೇಳಲಿಲ್ಲ.’ ಆ ಪುಟವನ್ನು ನಾಲ್ಕು ಜೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದೇನೆ.